ಬಿಸಿಲು ಬಲ್ಲ ಪಂಚೆ

ನಾನು ಒಂದು ಪಂಚೆ. ಈಗ ನೋಡಿದವರು ಹಾಗೆನ್ನಲಾರರು, ಅಡುಗೆಮನೆಯ ಕಿಟಕಿಗೆ ತೂಗುಬಿಟ್ಟ ಬಟ್ಟೆಯ ಚೂರು ಎಂದಾರು. ಆದರೆ ನಾನು ಹುಟ್ಟಿದ್ದು ಮೇಲುಕೋಟೆಯ ಒಂದು ಮಗ್ಗದಲ್ಲಿ, ಹಸಿರು ಅಂಚಿನ ಸಮೇತ. ನೇಯುವಾಕೆ ನೂಲಿಗೆ ಗಂಜಿ ಹಾಕಿ ಬಿಸಿಲಿಗೆ ಹಿಡಿದಿದ್ದಳು. ಗಂಜಿ ಮತ್ತು ಬಿಸಿಲು, ಇವೇ ನನ್ನ ಮೊದಲ ನೆನಪು. ಮುಂದಿನ ಬದುಕೆಲ್ಲ ಇವುಗಳ ಜೊತೆಯಲ್ಲೇ ಕಳೆಯಲಿದೆ ಎಂದು ಆಗ ತಿಳಿದಿರಲಿಲ್ಲ.

ಮೈಸೂರಿನ ಶ್ರೀಕಂಠಯ್ಯನವರು ನನ್ನನ್ನು ಕೊಂಡರು. ಮೊದಲು ಹಬ್ಬಕ್ಕೆ ಉಟ್ಟರು, ಆಮೇಲೆ ದಿನವೂ ಉಟ್ಟರು. ಮೊಣಕಾಲಿನ ಬಳಿ ನಾನು ಹರಿದಾಗ ಅವರ ಹೆಂಡತಿ ಕನಕಮ್ಮ ನನ್ನನ್ನು ಬೆಳಕಿಗೆ ಎತ್ತಿ ಹಿಡಿದು ನೋಡಿದರು.

"ಉಡೋಕಾಗಲ್ಲ. ಆದ್ರೆ ಸಂಡಿಗೆ ಇಡೋಕೆ ಇದಕ್ಕಿಂತ ಒಳ್ಳೆ ಬಟ್ಟೆ ಸಿಗಲ್ಲ," ಎಂದರು.

ಹೀಗೆ ನಾನು ಸೊಂಟದಿಂದ ತಾರಸಿಗೆ ಏರಿದೆ.

ತಾರಸಿಯ ಮೇಲೆ ಮಲಗಿದ ಮೇಲೆಯೇ ಮೈಸೂರಿನ ಆಕಾಶ ನನಗೆ ಪರಿಚಯವಾದದ್ದು. ಶಿವರಾತ್ರಿಯಿಂದ ಯುಗಾದಿಯವರೆಗೆ ಒಣ ಬಿಸಿಲು, ಬರಿಗಾಲಿಟ್ಟವರು ಕುಣಿಯುವಂಥದ್ದು. ಸಂಡಿಗೆಯ ದಿನಗಳು ಅವೇ. ಯುಗಾದಿ ಕಳೆದರೆ ಹಗಲೆಲ್ಲ ಉರಿ, ಸಂಜೆಗೆ ಚಾಮುಂಡಿ ಬೆಟ್ಟದ ಆಚೆ ಗುಡುಗು. ಅಶ್ವಿನಿ, ಭರಣಿ ಮಳೆಗಳು ಧೂಳೆಬ್ಬಿಸಿಕೊಂಡು ಬಂದು, ಸ್ವಲ್ಪ ಹೊತ್ತು ಸುರಿದು, ಏನೂ ಆಗದವರಂತೆ ಹೋಗುತ್ತವೆ. ಆಷಾಢದಲ್ಲಿ ಗಾಳಿಯದೇ ಆಳ್ವಿಕೆ. ಮಳೆ ಜಿನುಗುತ್ತದೆ, ನಿಲ್ಲುತ್ತದೆ, ಮತ್ತೆ ಜಿನುಗುತ್ತದೆ. ಆಗ ಎರಚಲು ತಡೆಯಲು ನನ್ನನ್ನು ಕಿಟಕಿಗೆ ಕಟ್ಟುತ್ತಿದ್ದರು. ನಿಜವಾದ ಮಳೆ ಬರುವುದು ದಸರೆಯ ಆಸುಪಾಸಿನಲ್ಲಿ. ಆನೆ ನೋಡಲು ಹೋಗಿ ನೆನೆದು ಬಂದ ಮಕ್ಕಳ ತಲೆಯನ್ನು ನಾನೇ ಒರೆಸಿದ್ದೇನೆ. ಧನುರ್ಮಾಸದ ಮಂಜಿನಲ್ಲಿ ಶ್ರೀಕಂಠಯ್ಯನವರು ನನ್ನನ್ನು ತಲೆಗೆ ಸುತ್ತಿಕೊಂಡು ಹಾಲು ತರಲು ಹೊರಟರೆ ಕನಕಮ್ಮ ಒಳಗಿನಿಂದಲೇ ಕೂಗುತ್ತಿದ್ದರು:

"ರೀ, ಸಂಡಿಗೆ ಬಟ್ಟೆ ಅದು. ಮಫ್ಲರ್ ಅಲ್ಲ."

ಈ ವರ್ಷಚಕ್ರವೆಲ್ಲ ಕನಕಮ್ಮನವರಿಗೆ ಬಾಯಿಪಾಠ. ಬೆಳಿಗ್ಗೆ ರಂಗೋಲಿ ಹಾಕಿ ನಿಂತು ಒಮ್ಮೆ ಮೇಲೆ ನೋಡಿ, "ಇವತ್ತು ಹರಡಬಹುದು," ಎಂದರೆ ಬೀದಿಯ ಹೆಂಗಸರೆಲ್ಲ ಮೊರ, ಚಾಪೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಯುಗಾದಿಗೆ ಮುಂಚೆ ಮಳೆ ಇಲ್ಲ ಎಂಬುದು ಅವರ ಖಂಡಿತವಾದ ಮಾತು. ನಾನು ಕಂಡ ಮಟ್ಟಿಗೆ ಅದು ತಪ್ಪಿರಲಿಲ್ಲ.

ಆ ವರ್ಷ ಅವರ ಮಗಳು ಪಂಕಜಳ ಮದುವೆ ವೈಶಾಖಕ್ಕೆ ಗೊತ್ತಾಗಿತ್ತು. ಮದುವೆಯ ಮನೆಯಲ್ಲಿ ಮೊದಲ ಕೆಲಸವೇ ಸಂಡಿಗೆ ಇಡುವುದು. ಅದು ಕೆಟ್ಟರೆ ಶಕುನ ಸರಿಯಿಲ್ಲವೆನ್ನುವವರು ಗಂಡಿನ ಕಡೆಯಲ್ಲಿ ಇದ್ದರು. ಅಂಥ ಹೊತ್ತಿನಲ್ಲಿ ಕನಕಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ತಾರಸಿಯ ಕೆಲಸ ಸೊಸೆ ನಾಗವೇಣಿಯ ಪಾಲಿಗೆ ಬಂತು.

ನಾಗವೇಣಿ ಹೊನ್ನಾವರದ ಹುಡುಗಿ. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

"ನಿಮ್ಮೂರಲ್ಲಿ ಬರೀ ಮಳೆ. ಬಿಸಿಲಿನ ಕೆಲಸ ನಿನಗೇನು ಗೊತ್ತಾಗುತ್ತಮ್ಮ," ಎಂದು ಕನಕಮ್ಮ ಮಂಚದಿಂದಲೇ ನಿಟ್ಟುಸಿರಿಟ್ಟರು. ಬೈಗುಳವಲ್ಲ, ಭಯ. ಮಾರನೆಯ ದಿನ ಸೊಸೆ ನಸುಕಿನಲ್ಲೆದ್ದು ಅಕ್ಕಿಹಿಟ್ಟಿನ ಗಂಜಿ ಕಾಯಿಸಿದಳು. ಜೀರಿಗೆ, ಉಪ್ಪು, ಹಸಿಮೆಣಸಿನಕಾಯಿ ಹದವಾಗಿ ಹಾಕಿದಳು. ನನ್ನ ಒಂದು ಮೂಲೆಗೆ ಅರಿಶಿನ ಮುಟ್ಟಿಸಿ, ತಾರಸಿಯ ಮೇಲೆ ಹಾಸಿ, ಅಂಚಿಗೆ ಕಲ್ಲಿಟ್ಟು, ಸೌಟಿನಿಂದ ಒಂದೊಂದೇ ಸಂಡಿಗೆ ಹಾಕಿದಳು. ಕಾಗೆ ಬೆದರಲೆಂದು ಕಪ್ಪು ಕೊಡೆ ಬಿಚ್ಚಿಟ್ಟಳು. ಪಕ್ಕದ ತಾರಸಿಯಲ್ಲಿ ಪುಟ್ಟಮ್ಮಣ್ಣಿ ವರ್ಷದ ಮೆಣಸಿನಕಾಯಿ ಹರಡಿದ್ದರು.

ಮಧ್ಯಾಹ್ನ ಊಟವಾದ ಮೇಲೆ ನಾಗವೇಣಿ ಮೇಲೆ ಬಂದಳು. ಆಕಾಶ ನೀಲಿಯಾಗಿಯೇ ಇತ್ತು. ಅವಳು ಬಗ್ಗಿ ನನ್ನ ಅಂಚನ್ನು ಬೆರಳಲ್ಲಿ ತಿಕ್ಕಿದಳು. ಅಂಚಿಗೆ ಚೆಲ್ಲಿದ್ದ ಗಂಜಿ ಒಣಗಿ ಬೆಳಿಗ್ಗೆ ನಾನು ಹಪ್ಪಳದಂತೆ ಗರಿಗರಿಯಾಗಿದ್ದೆ. ಈಗ ಮೆತ್ತಗಾಗಿದ್ದೆ. ಎಲ್ಲಿಂದಲೋ ಬಂದ ತೇವವನ್ನು ನನ್ನ ಎಳೆಗಳು ಕುಡಿಯುತ್ತಿದ್ದವು. ನನಗೆ ತಿಳಿದಿತ್ತು, ಆದರೆ ಹೇಳಲು ನನಗೆ ಬಾಯೆಲ್ಲಿದೆ. ಅವಳು ಮತ್ತೊಮ್ಮೆ ತಿಕ್ಕಿದಳು. ಗಾಳಿ ನಿಂತುಹೋಗಿತ್ತು. ಅವಳು ತಲೆಯೆತ್ತಿ, ಕಡಲತೀರದವರು ಮೂಸುವಂತೆ ಗಾಳಿಯನ್ನು ಮೂಸಿದಳು.

ಮೆಟ್ಟಿಲಿನ ಬಾಯಿಗೆ ಹೋಗಿ ಕೂಗಿದಳು: "ಅತ್ತೆ, ಮಳೆ ಬರ್ತದೆ. ಎತ್ತಿಬಿಡ್ತೇನೆ."

"ಯುಗಾದಿಗೆ ಮುಂಚೆ ಎಲ್ಲಿ ಮಳೆ? ಹಸಿ ಸಂಡಿಗೆ ಎತ್ತಿದ್ರೆ ಮುದ್ದೆ ಆಗುತ್ತೆ. ಬಿಡು ಅದನ್ನ."

"ಪಂಚೆ ಮೆತ್ತಗಾಗಿದೆ ಅತ್ತೆ."

"ಪಂಚೆ ಕೇಳ್ಕೊಂಡು ಮಳೆ ಬರುತ್ತಾ?"

ನಾಗವೇಣಿ ಅಲ್ಲೇ ನಿಂತಳು. ಎತ್ತಿ, ಮಳೆ ಬಾರದಿದ್ದರೆ ಮದುವೆಯ ಸಂಡಿಗೆ ಕೆಡಿಸಿದವಳು ಅವಳೇ. ಎತ್ತದೆ, ಮಳೆ ಬಂದರೂ ಕೆಟ್ಟಂತೆಯೇ. ಮೇಲಾಗಿ ನಾನು ಉದ್ದನೆಯ ಪಂಚೆ. ಮಡಚದಂತೆ, ಕುಗ್ಗದಂತೆ ನನ್ನನ್ನು ಒಬ್ಬಳೇ ಎತ್ತಲಾಗದು. ಅವಳು ಪಕ್ಕದ ತಾರಸಿಯ ಕಡೆ ತಿರುಗಿದಳು.

"ಪುಟ್ಟಮ್ಮಣ್ಣಿಯವರೇ, ಆ ಕಡೆ ಒಂದು ಕೈ ಹಿಡೀತೀರಾ?"

ಪುಟ್ಟಮ್ಮಣ್ಣಿ ಆಕಾಶ ನೋಡಿದರು, ನಾಗವೇಣಿಯ ಮುಖ ನೋಡಿದರು. "ನಿಮ್ಮತ್ತೆ ನನ್ನನ್ನ ಬೀದಿಲಿ ನಿಲ್ಲಿಸಿ ಬೈತಾರೆ ಕಣಮ್ಮ," ಎನ್ನುತ್ತಲೇ ಸೀರೆ ಎತ್ತಿ ಕಟ್ಟಿ ಮೋಟುಗೋಡೆ ದಾಟಿ ಬಂದರು.

ಇಬ್ಬರೂ ಎರಡು ತುದಿಯಲ್ಲಿ ನನ್ನನ್ನು ಬಿಗಿಯಾಗಿ ಎಳೆದು ಹಿಡಿದು, ತೊಟ್ಟಿಲು ಇಳಿಸುವವರಂತೆ ಮೆಟ್ಟಿಲಿಳಿದರು. ನನ್ನ ಮೇಲಿನ ಸಂಡಿಗೆಗಳನ್ನು ನಾನು ಎಳೆಯೆಳೆಯಿಂದ ಬಿಗಿಯಾಗಿ ಹಿಡಿದುಕೊಂಡೆ. ಒಂದೂ ಜಾರಲಿಲ್ಲ. ಪಡಸಾಲೆಯ ಚಾಪೆಯ ಮೇಲೆ ನನ್ನನ್ನು ಮಲಗಿಸಿದರು. ಕನಕಮ್ಮ ಮಂಚದ ಮೇಲಿಂದ ನೋಡುತ್ತಿದ್ದರು. ತುಟಿ ಬಿಗಿದಿತ್ತು.

"ನಿಮ್ಮ ಮೆಣಸಿನಕಾಯಿ," ಎಂದು ನಾಗವೇಣಿ ಪುಟ್ಟಮ್ಮಣ್ಣಿಯವರ ಕೈ ಹಿಡಿದು ಮತ್ತೆ ಮೇಲೆ ಓಡಿದಳು. ಮೆಣಸಿನಕಾಯಿಯನ್ನು ಗೋಣಿಗೆ ತುಂಬುತ್ತಲೇ ಬೀದಿಗೆಲ್ಲ ಕೇಳುವಂತೆ, "ಮಳೆ ಬರ್ತದೆ, ಎತ್ತಿಕೊಳ್ಳಿ," ಎಂದು ಕೂಗುತ್ತಿದ್ದದ್ದು ನನಗೆ ಕೆಳಗೂ ಕೇಳಿಸಿತು. ಯಾರೋ ನಕ್ಕರು. ನಕ್ಕವರೂ ಎತ್ತಿಕೊಂಡರು.

ಮೊದಲು ಬೆಟ್ಟದ ಕಡೆಯಿಂದ ಒಂದು ಗುಡುಗು. ಆಮೇಲೆ ತಾರಸಿಯ ಮೇಲೆ ಯಾರೋ ಕಲ್ಲು ಸುರಿದಂಥ ಸದ್ದು. ಆಲಿಕಲ್ಲು. ನಾನು ಮಲಗಿದ್ದ ಜಾಗದಲ್ಲಿ ಕ್ಷಣದಲ್ಲಿ ಬಿಳಿಯ ರಾಶಿ ಬಿತ್ತಂತೆ. ಕಾಗೆಗೆಂದು ಬಿಚ್ಚಿಟ್ಟ ಕೊಡೆ ತೂತುಬಿದ್ದು ಜರಡಿಯಾಯಿತು.

ಒದ್ದೆಯಾಗಿ ಇಳಿದು ಬಂದ ಸೊಸೆಯನ್ನು ಕನಕಮ್ಮ ಹತ್ತಿರ ಕರೆದರು. ತಮ್ಮ ಸೆರಗಿನಿಂದಲೇ ಅವಳ ತಲೆ ಒರೆಸಿದರು.

ಮಾರನೆಯ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಪುಟ್ಟಮ್ಮಣ್ಣಿ ಬಾಗಿಲಲ್ಲಿ ನಿಂತು ಎಂದಿನಂತೆ ಕೇಳಿದರು: "ಕನಕಮ್ಮನೋರೇ, ಇವತ್ತು ಹರಡಬಹುದಾ?"

"ನನ್ನನ್ನೇನು ಕೇಳ್ತೀರಿ? ಮೇಲಿದಾಳೆ ನಮ್ಮ ನಾಗವೇಣಿ, ಅವಳನ್ನ ಕೇಳಿ," ಎಂದರು ಕನಕಮ್ಮ.

ಅಂದಿನ ಬಿಸಿಲಿಗೆ ಸಂಡಿಗೆ ಒಣಗಿತು. ಸಂಜೆ ನನ್ನನ್ನು ಮಗುಚಿ, ಬೆನ್ನಿಗೆ ನೀರು ಚಿಮುಕಿಸಿ, ನಾಗವೇಣಿ ಒಂದೊಂದನ್ನೇ ಬಿಡಿಸಿದಳು. ಪ್ರತಿಯೊಂದರ ಹಿಂಬದಿಯಲ್ಲಿ ನನ್ನ ನೇಯ್ಗೆಯ ಅಚ್ಚು ಮೂಡಿತ್ತು. ವೈಶಾಖದಲ್ಲಿ ಪಂಕಜಳ ಮದುವೆಯ ಪಂಕ್ತಿಗಳಲ್ಲಿ, ಅರಳಿದ ಮಲ್ಲಿಗೆಯಂತೆ ಕರಿದ ಆ ಸಂಡಿಗೆ ಎಲೆಎಲೆಗೂ ಬಿತ್ತು. ಗಂಡಿನ ಕಡೆಯ ಹಿರಿಯರೊಬ್ಬರು ಎರಡನೆಯ ಸಲ ಕೇಳಿ ಹಾಕಿಸಿಕೊಂಡರೆಂದು ಮನೆಯಲ್ಲಿ ಬಹಳ ದಿನ ಮಾತಾಯಿತು. ರಾಜರ ಕಾಲದ ಯಾವ ಜರತಾರಿಗೂ ಅಷ್ಟು ಜನರ ಎಲೆಯ ಮೇಲೆ ತನ್ನ ಗುರುತು ಒತ್ತುವ ಭಾಗ್ಯ ಸಿಕ್ಕಿರಲಿಕ್ಕಿಲ್ಲ.

ಆಮೇಲೆ ಎಷ್ಟೋ ಬೇಸಿಗೆಗಳು ನನ್ನ ಮೇಲೆ ಹಾದುಹೋದವು. ಒಂದು ಭಾಗ ನಾಗವೇಣಿಯ ಮಗುವಿಗೆ ಹೊದಿಕೆಯಾಯಿತು, ಒಂದು ಭಾಗ ಹೂಜಿಯ ಕೊರಳಿಗೆ ಒದ್ದೆಬಟ್ಟೆಯಾಗಿ ನೀರು ತಣ್ಣಗಿಟ್ಟಿತು. ತಾರಸಿಗೆ ಈಗ ಹೊಸ ಪಂಚೆ ಬಂದಿದೆ. ಹಸಿರು ಅಂಚಿನ ಈ ಚೂರಿಗೆ ಮಾತ್ರ ನಾಗವೇಣಿ ಆಗಾಗ ಗಂಜಿ ಹಾಕಿ ಕಿಟಕಿಗೆ ತೂಗುಬಿಡುತ್ತಾಳೆ. ಬೀದಿಯವರು, "ನಿಮ್ಮ ಪಂಚೆ ಏನನ್ನುತ್ತೆ?" ಎಂದು ಕೇಳಿಯೇ ಮೆಟ್ಟಿಲು ಹತ್ತುವುದು. ನನಗೆ ವಯಸ್ಸಾಗಿದೆ, ಎಳೆ ಸಡಿಲವಾಗಿದೆ. ಆದರೆ ಈ ಊರಿನ ಬಿಸಿಲು, ಗಾಳಿ, ಮಂಜು, ಮಳೆ ಯಾವುದೂ ನನಗೆ ಹೇಳದೆ ಬರುವುದಿಲ್ಲ.

ಕನಕಮ್ಮನವರ ಕಾಲು ಎಂದೋ ಸರಿಹೋಗಿದೆ. ಇಂದು ಬೆಳಿಗ್ಗೆ ರಂಗೋಲಿ ಮುಗಿಸಿ ಬಂದವರು, ಯಾರೂ ನೋಡುತ್ತಿಲ್ಲವೆಂದುಕೊಂಡು, ಕೈ ಒರೆಸಿಕೊಳ್ಳುವ ನೆಪದಲ್ಲಿ ನನ್ನ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಒಲೆಯ ಮುಂದಿದ್ದ ನಾಗವೇಣಿ ಕಂಡೂ ಕಾಣದಂತೆ ಗಂಜಿ ತಿರುವುತ್ತಲೇ ಇದ್ದಳು.

ನಾನು ಗರಿಗರಿಯಾಗಿದ್ದೇನೆ. ಇವತ್ತು ಹರಡಬಹುದು.