ಸಣ್ಣಕ್ಕನ ಕೈಗುಣ ಎಲ್ಲಿ ಹೋಗಿತ್ತು?

ನಮ್ಮ ಕಡಹಿನಬೈಲಿನಲ್ಲಿ ಮಳೆ ಹಿಡಿದರೆ ಕೆಮ್ಮೂ ಹಿಡಿಯುತ್ತದೆ. ಕೆಮ್ಮು ಹಿಡಿದವರು ಮೊದಲು ಹೋಗುವುದು ಸಣ್ಣಕ್ಕನ ಮನೆಗೆ. ಸಣ್ಣಕ್ಕ ತೋಟದ ಕೂಲಿ ಮಾಡುವ ಹೆಂಗಸು. ಆದರೆ ಅತ್ತೆಯಿಂದ ಕಲಿತ ಕಷಾಯದ ಮದ್ದು ಅವಳಲ್ಲಿ ಉಂಟು. ಒಣಗಿಸಿದ ಆಡುಸೋಗೆ ಎಲೆ, ತುಳಸಿ, ಹಿಪ್ಪಲಿ, ಒಣಶುಂಠಿ. ದುಡ್ಡು ಮುಟ್ಟುವುದಿಲ್ಲ. ಎರಡು ವೀಳ್ಯದೆಲೆ, ಒಂದು ಅಡಿಕೆ ಕೊಟ್ಟು ಕೈಯೊಡ್ಡಿದರೆ ಒಂದು ಹಿಡಿ ಮದ್ದನ್ನು ಪೊಟ್ಟಣ ಕಟ್ಟಿ ಕೊಡುತ್ತಾಳೆ. "ಸಣ್ಣಕ್ಕನ ಕೈಗುಣ ದೊಡ್ಡದು" ಎನ್ನುವುದು ಊರ ಮಾತಾಗಿತ್ತು.

ಹೋದ ವರ್ಷ ಆಷಾಢದಲ್ಲಿ ಆ ಮಾತು ತಿರುಗಿತು. ತಿರುಗಿಸಿದವಳು ಅವಳ ಪಕ್ಕದ ಮನೆಯ ಭೈರಮ್ಮ. ಎಲುಬಿಲ್ಲದ ನಾಲಿಗೆ ಅವಳದು. ನಮ್ಮ ಮಹಿಳಾ ಸಂಘದ ಸಭೆಯಲ್ಲೇ ಶುರು ಮಾಡಿದಳು.

"ನಾಕು ದಿನ ಕುಡಿದೆ ಮಾರಾಯ್ತಿ. ವಾಸನೆ ಇಲ್ಲ, ಖಾರ ಇಲ್ಲ. ಹಳೇ ಹುಲ್ಲು ಕುದಿಸಿ ಕುಡಿದಂಗಾತು."

"ಮುಂಚೆ ಹಂಗಿರಲಿಲ್ವಲ್ಲ. ಎಂತಕ್ಕಿರಬಹುದು?" ಎಂದು ಯಾರೋ ಕೇಳಿದರು.

"ಎಂತಕ್ಕೆ ಅಂತ ಕೇಳ್ತೀರಲ್ಲ! ಆ ಮನೆಗೆ ಸೊಸೆ ಬಂದು ಒಂದು ವರ್ಷ ಆತು. ಸೊಸೆ ಕಾಲ್ಗುಣ ಅತ್ತೆ ಕೈಗುಣಾನ ತಿಂದು ಹಾಕ್ತು, ಅಷ್ಟೇ."

ಅಲ್ಲಿ ಕೂತಿದ್ದ ಹದಿನಾಲ್ಕು ಜನರಲ್ಲಿ ಒಬ್ಬರೂ "ಬಾಯಿ ಮುಚ್ಚೇ" ಎನ್ನಲಿಲ್ಲ. ನಾನೂ ಅನ್ನಲಿಲ್ಲ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಸೊಸೆಯ ಹೆಸರು ಅಂಬಿಕಾ. ಕಿಗ್ಗದ ಹತ್ತಿರದ ಸಿರಿಮನೆಯ ಹುಡುಗಿ. ಬೇಸಿಗೆಯಲ್ಲಿ ಅತ್ತೆಯ ಜೊತೆ ಬೇಲಿ ಬೇಲಿ ಸುತ್ತಿ ಎಲೆ ಕೊಯ್ದವಳು, ಜಗಲಿಯ ನೆರಳಿನಲ್ಲಿ ಹರವಿ ಒಣಗಿಸಿದವಳು ಅವಳೇ. ಭೈರಮ್ಮನ ಮಾತು ಸಂಜೆಯೊಳಗೆ ಮನೆ ತಲುಪಿತು. ಸಣ್ಣಕ್ಕ ಕೂಗಾಡಲಿಲ್ಲ. ಮರುದಿನ, "ಮದ್ದಿನ ಡಬ್ಬ ಇನ್ಮೇಲೆ ನೀನು ಮುಟ್ಟಬೇಡ ಮಗಾ" ಎಂದಳು, ಅಷ್ಟೇ. ಅದಕ್ಕಿಂತ ಎರಡು ಬೈದಿದ್ದರೆ ಒಳ್ಳೆಯದಿತ್ತು. ಅಂಬಿಕಾಳ ಗಂಡ ವಿಜಯ ತಾಯಿಗೂ ಹೇಳಲಾರ, ಹೆಂಡತಿಗೂ ಹೇಳಲಾರ. ಮೂರು ದಿನ ಸರಿಯಾಗಿ ಊಟ ಮಾಡದ ಅಂಬಿಕಾ ನಾಲ್ಕನೆಯ ದಿನ ಬಟ್ಟೆ ಮಡಚಿ ಚೀಲಕ್ಕೆ ತುಂಬಿದಳು. "ತವರಿಗೆ ಹೋಗ್ತೀನಿ" ಎಂದಳು. "ಹೋಗಿ ಬರ್ತೀನಿ" ಎನ್ನಲಿಲ್ಲ.

ಅದೇ ದಿನ ಆಶಾ ಕಾರ್ಯಕರ್ತೆ ದೀಪಶ್ರೀ ಭೈರಮ್ಮನ ಕೆಮ್ಮು ವಿಚಾರಿಸಲು ಬಂದಿದ್ದಳು. ಸಣ್ಣಕ್ಕನ ಮನೆಯ ಸುದ್ದಿ ನಾನೇ ಅವಳ ಕಿವಿಗೆ ಹಾಕಿ, ಕರೆದುಕೊಂಡು ಹೋದೆ. ನಾವು ಅಂಗಳಕ್ಕೆ ಕಾಲಿಡುವುದಕ್ಕೂ ಬಿಸಿಲು ಬೀಳುವುದಕ್ಕೂ ಸರಿಯಾಯಿತು.

ನಮ್ಮಲ್ಲಿ ಆಷಾಢದ ಬಿಸಿಲು ಹೇಳದೆ ಬರುತ್ತದೆ, ಕೂರದೆ ಹೋಗುತ್ತದೆ. ಬಂತೆಂದರೆ ಇಡೀ ಊರು ಅಂಗಳಕ್ಕೆ ಓಡುತ್ತದೆ. ಹಪ್ಪಳಕ್ಕೆ ಬಿಸಿಲು ತೋರಿಸು, ಕಂಬಳಿಗೆ ತೋರಿಸು, ಸಂಡಿಗೆಗೆ ತೋರಿಸು. ಸಣ್ಣಕ್ಕನೂ ಅಡುಗೆಮನೆ ಕಿಟಕಿಯ ಶೋಕೇಸಿನಿಂದ ಐದು ಪ್ಲಾಸ್ಟಿಕ್ ಡಬ್ಬ ತಂದು ಮದ್ದನ್ನೆಲ್ಲ ಚಾಪೆಯ ಮೇಲೆ ಸುರಿದಳು. ಅರ್ಧ ಗಂಟೆ ಆಗಿರಬೇಕು, ಹನಿ ಬಿತ್ತು. ಗಡಿಬಿಡಿಯಲ್ಲಿ ಬಾಚಿ, ಬೆಚ್ಚಗಿದ್ದ ಎಲೆಯನ್ನು ಹಾಗೆಯೇ ಡಬ್ಬಕ್ಕೆ ತುರುಕಿ ಮುಚ್ಚಳ ಹಾಕಿದಳು.

"ಸಣ್ಣಕ್ಕ, ಈ ಮಳೆಗಾಲದಲ್ಲಿ ಇದು ಎಷ್ಟನೇ ಸಲ?" ದೀಪಶ್ರೀ ಕೇಳಿದಳು.

"ಯಾರು ಎಣಿಸ್ತಾರೆ? ಬಿಸಿಲು ಬಂದಾಗೆಲ್ಲ ಹಾಕದು. ಬಿಸಿಲು ತೋರಿಸ್ದೆ ಮದ್ದು ಉಳೀತದಾ?"

"ಕೆಟ್ಟಿದ್ದೇ ಅದರಿಂದ ಅಂತ ಕಾಣ್ತದೆ."

"ಎಂತ ಮಾತಾಡ್ತೀಯ! ನಮ್ಮತ್ತೆ ಜೀವಮಾನ ಪೂರ್ತಿ ಹಿಂಗೇ ಮಾಡಿದ್ರು."

"ನಿಮ್ಮತ್ತೆ ಮದ್ದು ಎಲ್ಲಿ ಇಡ್ತಿದ್ರು?"

"ಮತ್ತೆಲ್ಲಿ? ಒಲೆ ಮೇಲಿನ ಅಟ್ಟದಲ್ಲಿ."

"ಈಗ ಆ ಒಲೆ ಎಲ್ಲಿದೆ?"

ಸಣ್ಣಕ್ಕ ತಿರುಗಿ ತನ್ನ ಅಡುಗೆಮನೆಯ ಕಡೆ ನೋಡಿದಳು. ಸೌದೆ ಒಲೆಯ ಅಡುಗೆಮನೆ ಕೆಡವಿ ಹೊಸದು ಕಟ್ಟಿಸಿದ್ದು, ಗ್ಯಾಸ್ ತಂದದ್ದು, ಶೋಕೇಸ್ ಮಾಡಿಸಿದ್ದು ಎಲ್ಲ ವಿಜಯನ ಮದುವೆಯ ವರ್ಷವೇ.

"ಮಳೆಗಾಲದ ಗಾಳಿ ಅಂದ್ರೆ ಅರ್ಧ ನೀರು ಸಣ್ಣಕ್ಕ. ಒಣಗಿದ ಎಲೆ ಅದನ್ನ ಕುಡೀತದೆ. ನಿಮ್ಮತ್ತೆ ಕಾಲದಲ್ಲಿ ಅಂಗಳದಲ್ಲಿ ಕುಡಿದದ್ದು ಒಲೆ ಶಾಖಕ್ಕೆ ಮತ್ತೆ ಆರ್ತಿತ್ತು. ಈಗ ಯಾವುದು ಆರಿಸ್ತದೆ? ಬಿಸಿ ಬಿಸಿ ಮುಚ್ಚಿದ್ರೆ ಡಬ್ಬ ಒಳಗೇ ಬೆವರ್ತದೆ. ಮೇಲಿಂದ ಕಿಟಕಿ ಬೆಳಕು, ಪಕ್ಕದಲ್ಲಿ ಅನ್ನದ ಹಬೆ. ವಾಸನೆ ಎಲ್ಲಿ ಉಳೀಬೇಕು?"

ಬೇಲಿಯಾಚೆಯಿಂದ ಭೈರಮ್ಮನ ಧ್ವನಿ ಬಂತು. "ಕೊಪ್ಪದಲ್ಲಿ ಎರಡು ದಿನ ತರಬೇತಿ ತಗಂಡು ಬಂದು ಅರವತ್ತು ವರ್ಷದವರಿಗೆ ಪಾಠ ಹೇಳ್ತಾಳಲ್ಲಪ್ಪ!"

ದೀಪಶ್ರೀ ನಕ್ಕಳು. "ನಂಬಬೇಡಿ ಭೈರಮ್ಮ, ಈಚೆ ಬಂದು ನೋಡಿ. ಸಣ್ಣಕ್ಕ, ಎರಡು ಚಮಚ ಉಪ್ಪನ್ನ ಬಾಣಲೆಯಲ್ಲಿ ಹುರಿದು ಆರಿಸಿ ಕೊಡಿ. ಮುಚ್ಚಳ ಇರೋ ಒಣ ಗಾಜಿನ ಬಾಟಲಿ ಒಂದು ಬೇಕು."

ಡಬ್ಬದ ಎಲೆಯನ್ನು ಬಾಟಲಿಯ ಮೂರರಲ್ಲಿ ಒಂದು ಭಾಗ ಹಾಕಿ, ಉಪ್ಪು ಸೇರಿಸಿ, ಮುಚ್ಚಿ ಚೆನ್ನಾಗಿ ಕುಲುಕಿದಳು. ಕಾಲು ಗಂಟೆ ಬಿಟ್ಟು ನೋಡಿದರೆ ಉಪ್ಪು ಬಾಟಲಿಯ ಗೋಡೆಗೆ ಅಂಟಿಕೊಂಡಿತ್ತು.

"ಹೀಗೆ ಅಂಟಿದ್ರೆ ಎಲೆಯಲ್ಲಿ ಪಸೆ ಉಂಟು ಅಂತ. ಉದುರಾಗಿ ಉಳಿದ್ರೆ ಒಣಗಿದೆ ಅಂತ."

"ಮಳೆಗಾಲದಲ್ಲಿ ಉಪ್ಪು ಎಲ್ಲಿ ಹಾಕಿದ್ರೂ ಅಂಟ್ತದೆ," ಎಂದಳು ಭೈರಮ್ಮ. ಅವಳು ಯಾವಾಗ ಬೇಲಿ ದಾಟಿ ಬಂದಿದ್ದಳೋ.

ಅಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದ ಅಂಬಿಕಾ ಒಳಗೆ ಹೋದಳು. ಅಕ್ಕಿ ಡ್ರಮ್ಮಿನ ಹಿಂದೆ ಕೈ ಹಾಕಿ, ಬಟ್ಟೆ ಸುತ್ತಿದ ಕಾಫಿಪುಡಿ ಬಾಟಲಿಯೊಂದನ್ನು ತಂದು ಅತ್ತೆಯ ಮುಂದೆ ಇಟ್ಟಳು.

"ಕದ್ದದ್ದಲ್ಲ ಅತ್ತೆ. ಅಮ್ಮಂಗೆ ಕೆಮ್ಮಿಗೆ ಕಳಿಸೋಣ ಅಂತ ಬೇಸಿಗೇಲೇ ಎತ್ತಿಟ್ಟಿದ್ದೆ. ಅವತ್ತಿಂದ ತೆಗ್ದಿಲ್ಲ. ಇವತ್ತು ತಗಂಡು ಹೋಗೋಣ ಅಂತ ಇದ್ದೆ."

ದೀಪಶ್ರೀ ಮುಚ್ಚಳ ತಿರುಗಿಸಿದಳು. ತುಳಸಿ, ಹಿಪ್ಪಲಿಯ ಘಾಟು ಜಗಲಿಯವರೆಗೂ ಬಂತು. ಎಲೆ ಇನ್ನೂ ಹಸಿರಾಗಿತ್ತು, ಹಿಸುಕಿದರೆ ಚುರುಚುರು ಎಂದು ಪುಡಿಯಾಯಿತು. ಅದರಲ್ಲೂ ಒಂದು ಹಿಡಿ ತೆಗೆದು ಇನ್ನೊಂದು ಬಾಟಲಿಯಲ್ಲಿ ಉಪ್ಪು ಹಾಕಿ ಕುಲುಕಿದೆವು. ಉಪ್ಪು ಮರಳಿನಂತೆ ಜಾರಿತು.

ಒಂದೇ ಬೇಲಿಯ ಎಲೆ, ಒಂದೇ ದಿನ ಒಣಗಿಸಿದ್ದು. ಬಿಸಿಲು ಕಂಡದ್ದು ಕೆಟ್ಟಿತ್ತು, ಕತ್ತಲಲ್ಲಿ ಬಿಗಿಯಾಗಿ ಕೂತದ್ದು ಉಳಿದಿತ್ತು. ಉಳಿಸಿದ್ದು ಯಾರ ಕೈ ಎಂದು ಯಾರೂ ಹೇಳಬೇಕಾಗಲಿಲ್ಲ.

ಸಣ್ಣಕ್ಕ ಬಾಟಲಿಯನ್ನು ಮೂಗಿಗೆ ಹಿಡಿದು ಅತ್ತುಬಿಟ್ಟಳು. "ನಾನೇ ಕೆಡಿಸಿ ನಿನ್ನ ತಲೆಗೆ ಕಟ್ಟಿದ್ನಲ್ಲೇ ಮಗಾ," ಎಂದು ಅಂಬಿಕಾಳ ಕೈ ಹಿಡಿದುಕೊಂಡಳು. ಆ ಚೀಲದ ಬಟ್ಟೆ ಮತ್ತೆ ಕೋಣೆಯಲ್ಲಿ ಬಟ್ಟೆ ನೇತು ಹಾಕುವ ಗಳುವಿಗೆ ಹೋಯಿತು. ನನ್ನ ಕಣ್ಣೂ ಒದ್ದೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

"ಹಂಗಾದ್ರೆ ಈ ಐದು ಡಬ್ಬ? ಒಂದು ಬಿಸಿಲು ಕೊಟ್ರೆ ಸರಿ ಆಗ್ತದಾ?" ಸಣ್ಣಕ್ಕನಿಗೆ ಇನ್ನೂ ಆಸೆ.

ದೀಪಶ್ರೀ ಡಬ್ಬದ ತಳ ಕೆದಕಿ ತೋರಿಸಿದಳು. ಬಿಳಿ ಬೂಷ್ಟು ಬಲೆಯ ಹಾಗೆ ಹಿಡಿದಿತ್ತು. "ಬೂಷ್ಟು ಬಂದ ಮೇಲೆ ಬಿಸಿಲಿಗೆ ಹಾಕಿದ್ರೂ, ಕುದಿಸಿದ್ರೂ ವಿಷ ಹೋಗ್ತದೆ ಅಂತ ನಂಬಕ್ಕಾಗಲ್ಲ. ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಉಪ್ಪು ಬೆರೆತದ್ದೂ ಬೇಡ. ಮತ್ತೆ ಭೈರಮ್ಮ, ನಿಮ್ಮ ಕೆಮ್ಮಿಗೆ ಎಷ್ಟು ದಿನ ಆತು?"

"ಒಂದು ಹದಿನೆಂಟು ದಿನ."

"ಎರಡು ವಾರ ದಾಟಿದ ಕೆಮ್ಮಿಗೆ ಯಾವ ಕಷಾಯವೂ ಅಲ್ಲ. ನಾಳೆ ನನ್ನ ಜೊತೆ ಆಸ್ಪತ್ರೆಗೆ ಬಂದು ಕಫ ಪರೀಕ್ಷೆ ಮಾಡಿಸಿ. ಸಣ್ಣಕ್ಕ, ಬಸುರಿಯರಿಗೂ ಈ ಆಡುಸೋಗೆ ಕೊಡಬೇಡಿ."

ಮರುದಿನ ಭೈರಮ್ಮ ಗೊಣಗುತ್ತಲೇ ಅವಳ ಜೊತೆ ಹೋದಳು. ಪುಣ್ಯಕ್ಕೆ ದೊಡ್ಡದೇನೂ ಇರಲಿಲ್ಲ, ಆಸ್ಪತ್ರೆಯ ಔಷಧಿಗೆ ವಾಸಿಯಾಯಿತು.

ಈ ವರ್ಷ ಬೇಸಿಗೆಯಲ್ಲಿ ಅತ್ತೆ ಸೊಸೆ ಸೇರಿಯೇ ಮದ್ದು ಮಾಡಿದರು. ಇಬ್ಬನಿ ಆರಿದ ಮೇಲೆ ಕೊಯ್ದರು, ನೆರಳಿನಲ್ಲಿ ಗಾಳಿಗೆ ಒಣಗಿಸಿದರು. ಕಡ್ಡಿ ಬಗ್ಗದೆ ಪಟ್ಟನೆ ಮುರಿಯುವವರೆಗೂ ಕಾದರು. ಉಪ್ಪಿನ ಪರೀಕ್ಷೆ ಆದ ಮೇಲೆಯೇ ಸಣ್ಣ ಸಣ್ಣ ಗಾಜಿನ ಬಾಟಲಿಗೆ ತುಂಬಿದರು. ಒಂದನ್ನು ಬಳಸುವಾಗ ಉಳಿದವುಗಳ ಮುಚ್ಚಳ ಬಿಚ್ಚುವುದಿಲ್ಲ. ಪುಡಿ ಮಾಡಿಟ್ಟರೆ ಸತ್ವ ಬೇಗ ಹೋಗುತ್ತದೆ ಎಂದು ಎಲೆಯನ್ನು ಇಡಿಯಾಗಿಯೇ ಇಟ್ಟರು. ತೋಟಕ್ಕೆ ಔಷಧಿ ಹೊಡೆದ ಕ್ಯಾನು ಚೆನ್ನಾಗಿ ತೊಳೆದದ್ದಿದೆ ಎಂದು ವಿಜಯ ತಂದನಂತೆ. ವಿಷದ ಕ್ಯಾನಿಗೆ ಮದ್ದು ತುಂಬುವುದಾ ಎಂದು ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಬೈದರು. ಪ್ರತಿ ಬಾಟಲಿಯ ಮೇಲೂ ಅಂಬಿಕಾಳ ಅಕ್ಷರದಲ್ಲಿ ಮದ್ದಿನ ಹೆಸರು, ಒಣಗಿಸಿದ ತಿಂಗಳು. ಎಲೆಗೆ ಒಂದೇ ವರ್ಷ, ಆಮೇಲೆ ಹೊಸದು. ಎಲ್ಲ ಬಾಟಲಿಯೂ ಈಗ ಒಲೆಯಿಂದ ದೂರ, ಕೋಣೆಯ ಮರದ ಪೆಟ್ಟಿಗೆಯಲ್ಲಿ.

ಮೊನ್ನೆ ಆಷಾಢದಲ್ಲಿ ಬಿಸಿಲು ಬಂತು. ಊರೆಲ್ಲ ಅಂಗಳಕ್ಕೆ ಓಡಿತು. ಸಣ್ಣಕ್ಕನ ಕೈ ತುರಿಸುತ್ತಿತ್ತು. ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಜಗಲಿಯಲ್ಲಿ ಕೂತೇ ಇದ್ದಳು.

ಆಗ ಭೈರಮ್ಮ ಬಂದಳು. ಎರಡು ದಿನದ ಕೆಮ್ಮು. ಕೈಯಲ್ಲಿ ವೀಳ್ಯದೆಲೆ, ಅಡಿಕೆ. ಸಣ್ಣಕ್ಕ ಎದ್ದೇಳಲಿಲ್ಲ. "ಅಂಬಿಕಾ, ನೀನೇ ಕೊಡು," ಎಂದಳು.

ಅಂಬಿಕಾ ಬಾಟಲಿ ತೆರೆದಳು. ಘಾಟಿಗೆ ಭೈರಮ್ಮ ಎರಡು ಸಲ ಸೀನಿದಳು. ಎಲೆ ಅಡಿಕೆ ನೀಡಿದ ಕೈಯನ್ನು ಹಿಂದೆ ತೆಗೆಯದೆ, "ನಾನು ಅವತ್ತು ಅಂದದ್ದು ತಪ್ಪಾತು ಮಗಾ..." ಎಂದು ಶುರು ಮಾಡಿದಳು.

"ಒಂದು ನಿಮಿಷ ಭೈರಮ್ಮ," ಎಂದಳು ಅಂಬಿಕಾ. "ಮೊದಲು ಮುಚ್ಚಳ ಹಾಕ್ತೀನಿ. ಮಾತು ಆಮೇಲೆ."

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಮನೆಯ ಮದ್ದಿನ ಡಬ್ಬವನ್ನು ಒಮ್ಮೆ ಮೂಸಿ ನೋಡಿ. ಬೂಷ್ಟು ಕಂಡರೆ ಮುಲಾಜಿಲ್ಲದೆ ಮಣ್ಣಿಗೆ ಹಾಕಿ. ಮುಂದಿನ ಬೇಸಿಗೆಗೆ ಪೂರ್ತಿ ಒಣಗಿಸಿ, ಆರಿಸಿ, ಗಾಜಿನಲ್ಲಿ ಬಿಗಿಯಾಗಿ ಮುಚ್ಚಿ, ಹೆಸರು ಬರೆದು, ಕತ್ತಲಲ್ಲಿ ಇಡಿ. ಮಳೆಗಾಲದ ಬಿಸಿಲನ್ನು ಕಂಬಳಿಗೆ ಬಿಡಿ. ಮತ್ತೆ, ಮದ್ದು ಕೆಟ್ಟರೆ ತಪ್ಪನ್ನು ಮುಚ್ಚಳದಲ್ಲಿ ಹುಡುಕಿ, ಮನೆಗೆ ಬಂದ ಹೆಣ್ಣುಮಗಳ ಕಾಲಿನಲ್ಲಿ ಹುಡುಕಬೇಡಿ.