ಕೊಡೆ ಸಿನಿಮಾದ ಕಡೇ ಸೀನು

ಬಿಳಿ ಕೈಗವಸಿನ ಸಿಬ್ಬಂದಿ ಶವಪೆಟ್ಟಿಗೆಯೊಳಗೆ ಕೈಹಾಕಿ, ಜಯಪ್ರಕಾಶನ ಎದೆಯ ಮೇಲಿದ್ದ ತುಳಸಿಹಾರ ಅಲುಗದಂತೆ, ಅದರಡಿ ಗೆಳೆಯ ಅಶೋಕ ಸಿಕ್ಕಿಸಿದ್ದ ಸಿನಿಮಾ ಡಿಸ್ಕನ್ನು ಮೆಲ್ಲಗೆ ಹೊರಗೆಳೆದ. ಎರಡೂ ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ, "ಸುಮಿಮಾಸೆನ್" ಎಂದು ಜಪಾನಿಯಲ್ಲಿ ಕ್ಷಮೆ ಕೇಳಿದ. ಪ್ಲಾಸ್ಟಿಕ್ಕನ್ನು ಚಿತಾಗಾರದ ಕುಲುಮೆಯೊಳಗೆ ಕಳಿಸುವ ಹಾಗಿಲ್ಲವಂತೆ. ಕನ್ನಡಕವನ್ನು ಆಗಲೇ ತೆಗೆದು ಕೊಟ್ಟಿದ್ದ.

"ಅದನ್ಯಾಕೆ ತಂದ್ರಿ ಅಶೋಕ?" ನಿರುಪಮಾ ಕೇಳಿದಳು. ಬೆಳಗಿನಿಂದ ಅವಳು ಆಡಿದ್ದ ಮೊದಲ ಪೂರ್ತಿ ವಾಕ್ಯ ಅದು.

"ಜೆಪಿ ಜೊತೇಲೇ ಹೋಗ್ಲಿ ಅಂತ ಅತ್ತಿಗೆ. ಇನ್ನು ಅದನ್ನ ಯಾರು ಹಾಕ್ತಾರೆ, ಯಾರು ನೋಡ್ತಾರೆ?"

"ಇಲ್ಲೂ ಅದೇನಾ," ಎಂದು ಅವಳು ಮುಖ ತಿರುಗಿಸಿದಳು.

ಕನ್ನಡಕವಿಲ್ಲದ ಗಂಡನ ಮುಖ, ನಿದ್ದೆಯಲ್ಲಿ ಮಾತ್ರ ಕಂಡಿದ್ದ ಮುಖ. ಮೈಸೂರಿನ ಪುರೋಹಿತರು ಫೋನಿನೊಳಗಿಂದ ಮಂತ್ರ ಹೇಳುತ್ತಿದ್ದರು. ನಡುನಡುವೆ ನೆಟ್‌ವರ್ಕ್ ನುಂಗುತ್ತಿತ್ತು. ಮಗಳು ದೀಕ್ಷಾ ಹೈಸ್ಕೂಲಿನ ಯೂನಿಫಾರಂನಲ್ಲೇ ನಿಂತಿದ್ದಳು. ಈ ದೇಶದಲ್ಲಿ ಮಕ್ಕಳಿಗೆ ಮದುವೆಗೂ ಅದೇ, ಸಾವಿಗೂ ಅದೇ. ಮುಚ್ಚಳ ಬಿತ್ತು. ಸ್ಟೀಲಿನ ಬಾಗಿಲು ಲಿಫ್ಟಿನ ಬಾಗಿಲಿನ ಹಾಗೆ ಸದ್ದಿಲ್ಲದೆ ಮುಚ್ಚಿಕೊಂಡಿತು. ಸಿಬ್ಬಂದಿ ಮತ್ತೊಮ್ಮೆ ಬಗ್ಗಿದ.

ಒಂದು ಗಂಟೆ ಕಾಯಬೇಕಿತ್ತು.

ಕಾಯುವ ಕೋಣೆಯಲ್ಲಿ ಹಸಿರು ಚಹಾ ಇಟ್ಟಿದ್ದರು. ಓಜಿಮಾದ ಅಪಾರ್ಟ್‌ಮೆಂಟಿನವರು ಮೊದಲು ತಗ್ಗಿದ ದನಿಯಲ್ಲಿ ಮಾತಾಡಿದರು. ಭಾನುವಾರ ಬೆಳಿಗ್ಗೆ ಹಾಲು ತರಲು ಕೊಂಬಿನಿಗೆ ಹೋದವನು ಅಂಗಡಿಯ ಬಾಗಿಲಲ್ಲೇ ಕುಸಿದದ್ದು, ಆಂಬ್ಯುಲೆನ್ಸು ಬಂದದ್ದು, ಬಂದೂ ಉಪಯೋಗವಾಗದ್ದು. ಆಮೇಲೆ ಮಾತು ಅಲ್ಲಿಗೇ ಬಂತು, ಎಲ್ಲಿಗೆ ಬರುತ್ತದೆಂದು ನಿರುಪಮಾಗೆ ಗೊತ್ತಿತ್ತೋ ಅಲ್ಲಿಗೆ.

"ಬರೋ ಶನಿವಾರಕ್ಕೆ ಹಾಲ್ ಬುಕ್ ಆಗಿದೆ," ಎಂದಳು ಅಶೋಕನ ಹೆಂಡತಿ ಕೋಕಿಲಾ. "ನಗೋಯಾದಿಂದ ಶಿವಕುಮಾರ ಅವರ ಮನೆಯವರೆಲ್ಲ ಟಿಕೆಟ್ ಮಾಡಿಸಿದ್ರು. ಹೇಗೆ ಹೇಳೋದು ಅವರಿಗೆ?"

ಪ್ರತಿ ಜೂನಿನ ಮಳೆಯಲ್ಲಿ, ಒಂದು ಶನಿವಾರ ಸಂಜೆ, ಅಪಾರ್ಟ್‌ಮೆಂಟಿನ ಸಭಾಕೋಣೆಯಲ್ಲಿ ಆ ಹಳೆಯ ಮಲಯಾಳಂ ಸಿನಿಮಾ ನಡೆಯುತ್ತಿತ್ತು. ಅದರ ನಿಜವಾದ ಹೆಸರು ನಾಲಿಗೆಗೆ ಹೊರಳದೆ ಎಲ್ಲರೂ ಕೊಡೆ ಸಿನಿಮಾ ಎನ್ನುತ್ತಿದ್ದರು. ಮದುವೆಮನೆಯಿಂದ ತಪ್ಪಿ ಬೇರೆಯವರ ಕೊಡೆ ತಂದ ದೋಣಿಯ ಟಿಕೆಟ್ ಮಾಸ್ತರ, ಅದನ್ನು ಹಿಂದಿರುಗಿಸಲು ಟೀಚರಮ್ಮನ ಮನೆಗೆ ಹೋಗುತ್ತಾನೆ. ಹೊರಡುವಾಗ ಮಳೆ. ನೆನೆದು ಹೋಗುವುದು ಹೇಗೆಂದು ಆಕೆ ಅದೇ ಕೊಡೆಯನ್ನು ಮತ್ತೆ ಕೊಟ್ಟು ಕಳಿಸುತ್ತಾಳೆ. ನಾಳೆ ಮತ್ತೆ ಬರುತ್ತಾನೆ, ಮತ್ತೆ ಮಳೆ. ಇಡೀ ಸಿನಿಮಾದಲ್ಲಿ ನಡೆಯುವುದು ಅಷ್ಟೇ. ಡಿಸ್ಕಿನಲ್ಲಿ ಸಬ್‌ಟೈಟಲ್ ಇರಲಿಲ್ಲ. ಪರದೆಯ ಪಕ್ಕ ನಿಂತು ಜಯಪ್ರಕಾಶ ಪ್ರತಿ ಪಾತ್ರದ ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದ. ಗಂಡಸಿಗೆ ಗಂಡಸಿನ ದನಿ, ಹೆಂಗಸಿಗೆ ಹೆಂಗಸಿನ ದನಿ, ಕಟ್ಟೆಯ ಮೇಲಿನ ನಾಯಿಗೂ ಒಂದು ದನಿ.

"ಹೀರೋಯಿನ್ ಅಪ್ಪ ಕೇಳ್ತಾನಲ್ಲ," ಕೋಕಿಲಾ ಕಣ್ಣು ಒರೆಸಿಕೊಳ್ಳುತ್ತಲೇ ಹೇಳಿದಳು, "'ಏನಪ್ಪಾ, ಕೊಡೆ ಕೊಡೋಕ್ಕೆ ಬಂದ್ಯೋ, ಒಣಗಿಸೋಕ್ಕೆ ಬಂದ್ಯೋ?'"

"'ನಿನ್ನ ಕೊಡೆಗೂ ನಮ್ಮನೇಲೇ ರೇಷನ್ ಕಾರ್ಡ್ ಮಾಡಿಸ್ಬಿಡ್ಲಾ?'" ಅಶೋಕ ಮುಂದುವರಿಸಿದ. ಯಾರೋ ಕಿಸಕ್ಕೆಂದರು. "ಒಂದ್ಸಲ ನಾನು ಸಬ್‌ಟೈಟಲ್ ಇರೋ ಪ್ರಿಂಟ್ ತಂದೆ. ಹತ್ತು ನಿಮಿಷ ಆಗಿಲ್ಲ, ಮಕ್ಕಳೆಲ್ಲ ಕಿರುಚಿದ್ರು, ಆಫ್ ಮಾಡಿ ಅಂಕಲ್, ನಮಗೆ ಜೆಪಿ ಅಂಕಲ್ಲೇ ಬೇಕು ಅಂತ."

ನಿರುಪಮಾ ಚಹಾದ ಲೋಟ ತಿರುಗಿಸುತ್ತ ಕುಳಿತಿದ್ದಳು. ಅವರು ನೆನೆಯುತ್ತಿದ್ದ ಮನುಷ್ಯನನ್ನು ಅವಳು ಕಂಡಿರಲಿಲ್ಲ. ಮನೆಯಲ್ಲಿದ್ದವನು ಬೇರೆ. ಅವನ ಬಳಿ ಇದ್ದದ್ದು "ಕೇಳಿಸ್ತಾ", "ಆಯ್ತು", "ಬರ್ತೀನಿ".

*

ಹೋದ ವರ್ಷದ ಆ ಶನಿವಾರ ಅವಳು ಈರುಳ್ಳಿ ಬಜ್ಜಿಗೆ ಎಣ್ಣೆ ಇಟ್ಟಿದ್ದಳು. ಇಂಟರ್ವಲ್‌ಗೆ ಬಜ್ಜಿ ಕಳಿಸುವುದು ಅವಳ ಪಾಲಿನ ಕೆಲಸ. ಬೆಳಗಿನ ಜಾವ ಎದ್ದು, ತಾನು ಕೆಲಸಕ್ಕಿದ್ದ ಬೆಂತೊ ಅಡುಗೆಮನೆಯಲ್ಲಿ ಅನ್ನದ ಡಬ್ಬಿ ತುಂಬಿಸಿ ಬಂದ ಕಾಲು ನೋಯುತ್ತಿತ್ತು. ಜಯಪ್ರಕಾಶ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಮಣಿಕಟ್ಟಿಗೆ ಅದೇ ಹಳೆಯ ಕಪ್ಪು ಕೊಡೆ ನೇತುಬಿದ್ದಿತ್ತು. ಮರದ ಹಿಡಿ, ಒಂದು ಕಡ್ಡಿಗೆ ತಂತಿ ಸುತ್ತಿದ್ದು. ಎಸೆಯಿರಿ ಎಂದು ಅವಳು ಎಷ್ಟು ಸಲ ಹೇಳಿದ್ದಳೋ.

"ಈ ಸಲ ನೀನೂ ಬಾ."

"ಎಲ್ಲಿಗೆ?"

"ಸಿನಿಮಾಕ್ಕೆ. ಪೂರ್ತಿ ಬೇಡ. ಕಡೇ ಸೀನಿಗೆ ಬಾ."

"ನಂಗೆಲ್ಲಿ ಮಲಯಾಳಂ ಬರತ್ತೆ?"

"ನಾನು ಹೇಳ್ತೀನಲ್ಲ."

ಅವಳು ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಬಡಿದಳು. "ನಲವತ್ತು ಜನಕ್ಕೆ ಬಜ್ಜಿ ನಿಮ್ಮ ಟೀಚರಮ್ಮ ಬಂದು ಕರೀತಾಳಾ? ಅಲ್ಲಿ ಅಷ್ಟೊಂದು ಮಾತಾಡ್ತೀರಂತೆ. ಅದರಲ್ಲಿ ಸ್ವಲ್ಪ ಇಲ್ಲೂ ಆಡಿ. ಏನು, ಅದಕ್ಕೆ ಟಿಕೆಟ್ ತಗೋಬೇಕಾ?"

ಅವನು ಏನೋ ಹೇಳುವಂತೆ ಬಾಯಿ ತೆಗೆದ. ಆಮೇಲೆ ತಟ್ಟೆಯಿಂದ ಒಂದು ಬಜ್ಜಿ ಎತ್ತಿ ಬಾಯಿಗಿಟ್ಟುಕೊಂಡು, ಬಿಸಿಗೆ ಉಸ್ಸೆಂದು ಹೊರಟುಹೋದ.

ಸಭಾಕೋಣೆ ಅವರ ಕಿಟಕಿಯ ಎದುರಿಗೇ ಇತ್ತು. ನಗು ಅಲೆ ಅಲೆಯಾಗಿ ಬರುತ್ತಿತ್ತು. ಸಿನಿಮಾ ಮುಗಿಯುವ ಹೊತ್ತಿಗೆ ಎಲ್ಲಕ್ಕಿಂತ ದೊಡ್ಡ ನಗು ಒಂದು ಎದ್ದು, ಮಳೆಯ ಸದ್ದನ್ನೂ ದಾಟಿ ಅವಳ ಒಲೆಯವರೆಗೆ ಬಂತು. ಪ್ರತಿ ವರ್ಷವೂ ಬರುತ್ತಿತ್ತು. ಅವಳು ಕಿಟಕಿ ಮುಚ್ಚಿದಳು. ಅವನು ಬಂದಾಗ ಅವಳು ಮಲಗಿದ್ದಳು. ಬೆಳಿಗ್ಗೆ ನೋಡಿದರೆ ಬಾಣಲೆ ತೊಳೆದು ಮಗುಚಿಟ್ಟಿತ್ತು.

*

ಬಾಲು ಬಂದದ್ದು ತಡವಾಗಿ, ತೋಳೆಲ್ಲ ನೆನೆದು. ತ್ರಿಶ್ಶೂರಿನವನು, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದವನು. ಕಾವಾಸಾಕಿಯ ಆಫೀಸಿನಲ್ಲಿ ಜಯಪ್ರಕಾಶನ ಪಕ್ಕದ ಮೇಜಿನವನು. ಆ ಡಿಸ್ಕನ್ನು ಮೊದಲು ಕೊಟ್ಟವನೂ ಅವನೇ. ನಿರುಪಮಾಳ ಮುಂದೆ ಮಂಡಿಯೂರಿ ಕುಳಿತು "ಚೇಚಿ, ಅಕ್ಕಾ" ಎಂದು ತಲೆ ತಗ್ಗಿಸಿದ.

ಅಶೋಕ ಅವನಿಗೆ ಚಹಾ ಕೊಟ್ಟ. "ಬಾಲು, ನೀನೊಬ್ಬನೇ ಆ ಸಿನಿಮಾನ ಮಲಯಾಳಂನಲ್ಲೇ ಎಂಜಾಯ್ ಮಾಡ್ತಿದ್ದೆ. ಮುಂದಿನ ವರ್ಷದಿಂದ ನೀನೇ ಹೇಳ್ಬೇಕು ಕನ್ನಡದಲ್ಲಿ."

"ನಾನಾ? ಅಯ್ಯೋ, ನಾನು ಹೇಳಿದ್ರೆ ಯಾರೂ ನಗಲ್ಲ." ಬಾಲು ಚಹಾ ಕೆಳಗಿಟ್ಟ. "ಒಂದು ವಿಷಯ ಇನ್ನು ಹೇಳ್ಬಹುದು ಅನ್ಸತ್ತೆ. ಜೆಪಿಗೆ ಮಲಯಾಳಂ ಬರ್ತಾ ಇರ್ಲಿಲ್ಲ."

"ಏನು?"

"ಚಾಯ, ಶರಿ. ಅಷ್ಟೇ ಅವರಿಗೆ ಗೊತ್ತಿದ್ದಿದ್ದು. ಆ ಅಪ್ಪನ ಕ್ಯಾರೆಕ್ಟರ್ ಇದಾನಲ್ಲ, ಅವನು ನಿಜವಾಗಿ ಕೇಳೋದು ಊಟ ಆಯ್ತಾ ಅಂತ. ರೇಷನ್ ಕಾರ್ಡೂ ಇಲ್ಲ, ಏನೂ ಇಲ್ಲ. ಮೊದಲ್ನೇ ವರ್ಷ ನಾನು ಕರೆಕ್ಟ್ ಮಾಡೋಣ ಅಂತ ಎದ್ದೆ. ಎಲ್ಲರೂ ನಗ್ತಿದ್ರು. ಸುಮ್ನೆ ಕೂತೆ. ಆಮೇಲೆ ನನಗೂ ಅದೇ ಸಿನಿಮಾ ಬೇಕು ಅನ್ನಿಸ್ತು."

ಅಶೋಕ ತೊಡೆ ತಟ್ಟಿ ನಕ್ಕುಬಿಟ್ಟ. "ಕಳ್ಳ! ಇಷ್ಟು ವರ್ಷ ನಮ್ಮನ್ನ ಕೂರಿಸಿ... ಅದಕ್ಕೇ! ಅದಕ್ಕೇ ನಂಗೆ ಅರ್ಥ ಆಗ್ತಿರ್ಲಿಲ್ಲ. ಕಡೇ ಸೀನಲ್ಲಿ ಹೀರೋ ಹೇಳ್ತಾನಲ್ಲ, ನೀನು ಪೂರ್ವದ ಬಾಗಿಲಲ್ಲಿ ನಿಂತಿದ್ದೆ, ನಾನು ಪಶ್ಚಿಮದ ಬಾಗಿಲಿಂದ ಹೋದೆ ಅಂತ. ದೋಣಿ ಜೆಟ್ಟಿಗೆ ಬಾಗಿಲೆಲ್ಲಿಂದ ಬಂತು ಅಂತ ನಾನು ತಲೆ ಕೆಡಿಸ್ಕೊಂಡಿದ್ದೆ."

ಲೋಟ ತಿರುಗಿಸುತ್ತಿದ್ದ ನಿರುಪಮಾಳ ಬೆರಳು ನಿಂತಿತು.

"ಕಡೇ ಸೀನಲ್ಲಿ ಯಾರೂ ಏನೂ ಹೇಳಲ್ಲ," ಎಂದ ಬಾಲು. "ಡೈಲಾಗೇ ಇಲ್ಲ ಅದರಲ್ಲಿ. ಬರೀ ಮಳೆ. ಟೀಚರ್ ನಡ್ಕೊಂಡು ಬರ್ತಾಳೆ, ಕೊಡೆ ಕಂಕುಳಲ್ಲಿ ಮಡಿಸಿಟ್ಕೊಂಡು, ಪೂರ್ತಿ ನೆಂದು. ಅವನು ನೋಡ್ತಾ ನಿಂತಿರ್ತಾನೆ. ಮುಗೀತು ಸಿನಿಮಾ. ಆ ಮಾತೆಲ್ಲ ಜೆಪಿದು."

*

ಓಜಿಮಾಕ್ಕೆ ಬರುವ ಮೊದಲು, ಕಾವಾಸಾಕಿಯಲ್ಲಿ ಅವರ ಮೊದಲ ಮಳೆಗಾಲ. ಅವಳು ಬಂದು ತಿಂಗಳೂ ಕಳೆದಿರಲಿಲ್ಲ. ಕೈಯಲ್ಲಿ ಫೋನ್ ಇರಲಿಲ್ಲ, ಬಾಯಲ್ಲಿ ಭಾಷೆ ಇರಲಿಲ್ಲ. ಬೆಳಿಗ್ಗೆ ಅವನು ಕೊಡೆ ಮರೆತು ಹೋಗಿದ್ದ. ಸಂಜೆ ಮಳೆ ಹೊಯ್ಯತೊಡಗಿದಾಗ ಅವಳು ತನ್ನದೊಂದು ಕೊಡೆ ಬಿಚ್ಚಿ, ಅವನ ಕಪ್ಪು ಕೊಡೆ ಹಿಡಿದು ಸ್ಟೇಷನ್ನಿಗೆ ಹೋಗಿ, ಕಂಡ ಬಾಗಿಲಲ್ಲಿ ನಿಂತಳು. ಸ್ಟೇಷನ್ನಿಗೆ ಇನ್ನೊಂದು ಬಾಗಿಲಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಸಾವಿರಾರು ಕರಿ ಕೋಟುಗಳು ಹೊರಬಂದವು. ಅವನಿರಲಿಲ್ಲ. ಸ್ಟ್ಯಾಂಡಿನಲ್ಲಿಟ್ಟ ಅವಳ ಕೊಡೆಯನ್ನು ಯಾರೋ ತಮ್ಮದೆಂದುಕೊಂಡು ಒಯ್ದಿದ್ದರು.

ಅವನ ಕೊಡೆ ಕೈಯಲ್ಲಿತ್ತು. ಬಿಚ್ಚಲಿಲ್ಲ. ಸಿಟ್ಟಿಗೆ ಅದನ್ನು ಕಂಕುಳಲ್ಲಿ ಅವುಚಿಕೊಂಡು ನೆನೆಯುತ್ತ ನಡೆದಳು. ಮನೆಯ ಬಾಗಿಲು ತೆರೆದರೆ, ಅವನು ದೀಪದ ಕೆಳಗೆ ನಿಂತು ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಿದ್ದ.

"ಚೆನ್ನಾಗಿ ಒರೆಸ್ಕೊಳ್ಳಿ," ಎಂದಳು. "ನೆಗಡಿ ಆದೀತು. ಹೆಂಡತಿ ಎಲ್ಲಿ ಸತ್ತಳು ಅಂತ ಆಮೇಲೆ ನೋಡಿದ್ರಾಯ್ತು."

ಅವನು ಬಾಯಿ ತೆಗೆದ. ಅವಳು ಬಿಡಲಿಲ್ಲ. ಅವತ್ತು ಆಡಿದ್ದನ್ನು ಆಮೇಲೆ ಎಷ್ಟೋ ವರ್ಷ, ಬೇರೆ ಬೇರೆ ಜಗಳಗಳಲ್ಲಿ, ಮತ್ತೆ ಮತ್ತೆ ಎತ್ತಿ ಆಡಿದಳು: ಕಾಯಿಸಿ ಬಂದು ತಲೆ ಒರೆಸಿಕೊಂಡ ಗಂಡಸು ನೀವು. ಚಪ್ಪಲಿ ಬಿಡುವ ಜಾಗದಲ್ಲಿ ಆ ಸಂಜೆ ಅವನ ಎರಡು ಜೊತೆ ಶೂ ನೀರು ಸೋರುತ್ತ ಬಿದ್ದಿದ್ದವು. ಯಾಕೆ ಎರಡು ಎಂದು ಅವಳು ಕೇಳಿರಲಿಲ್ಲ.

*

"ಆಮೇಲೆ?" ನಿರುಪಮಾ ತಲೆಯೆತ್ತಿದಳು. "ಪಶ್ಚಿಮದ ಬಾಗಿಲಿಂದ ಹೋದೆ ಅಂದ ಮೇಲೆ ಏನು ಹೇಳ್ತಿದ್ರು?"

ಅವಳ ದನಿಗೆ ಅಶೋಕನ ನಗು ಇಳಿಯಿತು. "ಅದು... ಓಡಿದೆ ಅಂತಾರೆ. ಬೀಗ ಅಂತಾರೆ."

"ಇಲ್ಲಪ್ಪ, ಬೀಗ ಮೊದಲು," ಎಂದಳು ಕೋಕಿಲಾ. "ಆಮೇಲೆ ಬಾಯಿ ತೆಗೆಯೋದರ ಬಗ್ಗೆ ಒಂದು ಜೋಕ್ ಇದೆ."

"ಕೊನೇದು? ಕೊನೇ ಮಾತು ಏನು?"

ಅವರು ಒಬ್ಬರ ಮುಖ ಒಬ್ಬರು ನೋಡಿದರು. "ಅತ್ತಿಗೆ, ಆ ಜೋಕಿಗೆ ಎಷ್ಟು ನಗ್ತಿದ್ವಿ ಅಂದ್ರೆ," ಅಶೋಕ ತಡವರಿಸಿದ, "ಆಮೇಲಿಂದು ಯಾರಿಗೂ ಕೇಳಿಸ್ತಾನೇ ಇರ್ಲಿಲ್ಲ. ನಾವು ರೆಕಾರ್ಡ್ ಕೂಡ ಮಾಡ್ಲಿಲ್ಲ. ಪ್ರತಿ ವರ್ಷ ಇರತ್ತಲ್ಲ ಅಂತ..."

ಬಾಗಿಲು ಸರಿಯಿತು. ಬಿಳಿ ಕೈಗವಸಿನವನು ಬಗ್ಗಿ ನಿಂತಿದ್ದ.

ಮೂಳೆಗಳು ಅವಳು ಅಂದುಕೊಂಡದ್ದಕ್ಕಿಂತ ಬೆಳ್ಳಗಿದ್ದವು. ಸಿಬ್ಬಂದಿ ತಾಯಿ ಮಗಳಿಬ್ಬರಿಗೂ ಊಟದ ಕಡ್ಡಿಗಳಂಥ ಉದ್ದನೆಯ ಕಡ್ಡಿಗಳನ್ನು ಕೊಟ್ಟು, ಕಾಲಿನಿಂದ ಶುರುಮಾಡಿ, ಇಬ್ಬರೂ ಸೇರಿ ಒಂದೇ ಮೂಳೆಯನ್ನು ಹಿಡಿದೆತ್ತಿ ಕುಡಿಕೆಗೆ ಹಾಕಬೇಕೆಂದು ಹೇಳಿದ. ದೀಕ್ಷಾ ಶಿಶುವಿಹಾರಕ್ಕೆ ಹೋಗುತ್ತಿದ್ದಾಗ ಒಂದು ದಿನ ಓಡಿ ಬಂದು, ಊಟದಲ್ಲಿ ಇಬ್ಬರು ಒಂದೇ ತುಂಡನ್ನು ಕಡ್ಡಿಯಲ್ಲಿ ಹಿಡಿಯಬಾರದಂತೆ, ಮಿಸ್ ಬೈದರು ಎಂದಿದ್ದಳು. ಯಾಕೆಂದು ಆಗ ಮೂವರಿಗೂ ಗೊತ್ತಿರಲಿಲ್ಲ.

ನಿರುಪಮಾಳ ಕಡ್ಡಿ ಜಾರಿತು. ದೀಕ್ಷಾ ತನ್ನ ಕಡ್ಡಿಯನ್ನು ಕೆಳಗಿನಿಂದ ಕೊಟ್ಟಳು.

"ಅಮ್ಮ. ಐ ನೋ ದಟ್ ಪಾರ್ಟ್."

"ಯಾವುದು?"

"ಕೊನೇದು. ನಾನು ಯಾವಾಗ್ಲೂ ಫ್ರಂಟಲ್ಲಿ ಕೂರ್ತಿದ್ದೆ. ಅಪ್ಪನ ಕಾಲ ಹತ್ರ."

ಮನೆಯಲ್ಲಿ ಕನ್ನಡಕ್ಕೆ ಇಂಗ್ಲಿಷಿನಲ್ಲಿ, ಸಿಟ್ಟು ಬಂದರೆ ಜಪಾನಿಯಲ್ಲಿ ಉತ್ತರ ಕೊಡುವ ಹುಡುಗಿ. ಅವಳು ಮೂಳೆಯಿಂದ ಕಣ್ಣು ತೆಗೆಯದೆ ಶುರುಮಾಡಿದಳು. ಒಂದು ಅಕ್ಷರವೂ ಮುರಿಯಲಿಲ್ಲ. ಎಳೆಯುವಲ್ಲಿ ಎಳೆದು, ನಿಲ್ಲುವಲ್ಲಿ ನಿಂತು, ಮೈಸೂರಿನ ಗಂಡಸೊಬ್ಬನ ಮಾತು ಅವಳ ಬಾಯಿಂದ ಬಂತು.

"ಅಲ್ಲ ಕಣೇ, ನೀನು ಪೂರ್ವದ ಬಾಗಿಲಲ್ಲಿ ನಿಂತ್ಕೊಂಡ್ರೆ ನಂಗೆ ಹೇಗೆ ಗೊತ್ತಾಗ್ಬೇಕು? ನಾನು ಪಶ್ಚಿಮದ ಬಾಗಿಲಿಂದ ಹೋದೆ. ಮನೆಗೆ ಬೀಗ. ಶೂ ಬದಲಾಯಿಸಿ ತಿರುಗಿ ಓಡಿದೆ. ಆ ಬಾಗಿಲು ನೋಡಿದೆ, ಈ ಬಾಗಿಲು ನೋಡಿದೆ. ಎಲ್ಲಾ ಕಡೆ ಕೊಡೆಗಳೇ, ನೀನೇ ಇಲ್ಲ."

ಮೂಳೆ ಕುಡಿಕೆಗೆ ಇಳಿಯಿತು. ಸಣ್ಣ ಸದ್ದಾಯಿತು. ಇನ್ನೊಂದನ್ನು ಹಿಡಿದರು.

"ಸೋತು ಮನೆಗೆ ಬಂದು ತಲೆ ಒರೆಸ್ಕೊಳ್ತಾ ಇದೀನಿ, ಬಂದೆ ನೀನು. ಕೊಡೆ ಕಂಕುಳಲ್ಲಿ, ನೀರು ತಲೇಲಿ. ಹೇಳೋಣ ಅಂತ ಬಾಯಿ ತೆಗೆದೆ. ನೀನು ಅಷ್ಟರಲ್ಲಿ ತೆಗೆದಾಗಿತ್ತು."

ದೀಕ್ಷಾ ನಿಂತಳು. "ಇಲ್ಲಿ ಎಲ್ಲರೂ ನಗ್ತಾರೆ," ಎಂದಳು ತನ್ನ ದನಿಯಲ್ಲಿ. ನಗು ಮುಗಿಯಲೆಂದು ಅಪ್ಪ ಕಾಯುತ್ತಿದ್ದನೋ ಏನೋ, ಅವಳೂ ಅಷ್ಟು ಹೊತ್ತು ಕಾದಳು. ಆಮೇಲೆ, ತೀರಾ ಮೆಲ್ಲಗೆ:

"ಹೋಗ್ಲಿ ಬಿಡು. ಮುಂದಿನ ಸಲ ಯಾವ ಬಾಗಿಲು ಅಂತ ಮೊದಲೇ ಹೇಳು. ನಾನು ಅಲ್ಲೇ ನಿಂತಿರ್ತೀನಿ ಕಣೇ."

ಅವನು ತನ್ನನ್ನು 'ಕಣೇ' ಎಂದು ಕರೆಯುವುದನ್ನು ಯಾವಾಗ ಬಿಟ್ಟನೆಂದು ನಿರುಪಮಾಗೆ ನೆನಪಾಗಲಿಲ್ಲ. ಸಿಬ್ಬಂದಿ ಮುಂದಿನ ಮೂಳೆ ತೋರಿಸುತ್ತಿದ್ದ. ಅವಳಿಗೆ ಅದು ಕಾಣಿಸದೆ, ಮಗಳ ಕಡ್ಡಿ ಎಲ್ಲಿ ಹೋಯಿತೋ ಅಲ್ಲಿಗೇ ತನ್ನದನ್ನೂ ಒಯ್ದಳು.

ಹೊರಗೆ ಮಳೆ ಬಿಟ್ಟಿರಲಿಲ್ಲ. ಅಶೋಕ ಕಾರು ತರಲು ಹೋಗಿದ್ದ. ಬಾಗಿಲ ಬಳಿಯ ಸ್ಟ್ಯಾಂಡಿನ ತುಂಬ ಒಂದೇ ಥರದ ಪಾರದರ್ಶಕ ಕೊಡೆಗಳು, ನಡುವೆ ಒಂದೇ ಒಂದು ಕಪ್ಪು. ಬೆಳಿಗ್ಗೆ ಮನೆಯಿಂದ ಹೊರಡುವಾಗ ಕೈಗೆ ಸಿಕ್ಕಿದ್ದನ್ನು ಅವಳು ತಂದಿದ್ದಳು. ಕುಡಿಕೆಯಿಟ್ಟು ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆ ಅವಳ ಎದೆಗಾನಿಸಿ ಇತ್ತು. ಇನ್ನೂ ಬೆಚ್ಚಗಿತ್ತು.

ದೀಕ್ಷಾ ಕೊಡೆಯನ್ನು ಎಳೆದು ತಂದಳು. "ನಾನು ಹಿಡೀತೀನಿ."

"ಕೊಡು ಇಲ್ಲಿ."

ನಿರುಪಮಾ ಒಂದೇ ಕೈಯಲ್ಲಿ ಅದನ್ನು ಬಿಚ್ಚಿದಳು. ತಂತಿ ಸುತ್ತಿದ ಕಡ್ಡಿ ಒಮ್ಮೆ ತಡೆದು, ಆಮೇಲೆ ತೆರೆದುಕೊಂಡಿತು. ಮೆಟ್ಟಿಲಿಳಿದು, ಕೊಡೆಯನ್ನು ಪೂರ್ತಿ ಮುಂದಕ್ಕೆ ಬಾಗಿಸಿ ಹಿಡಿದು ನಿಂತಳು.

"ಅಮ್ಮ, ನೀನು ನೆನೀತಾ ಇದೀಯ."

ಅವಳ ಮುಡಿಯಿಂದ ನೀರು ಬೆನ್ನಿಗೆ ಇಳಿಯುತ್ತಿತ್ತು. ಕೊಡೆಯ ಕೆಳಗೆ ಬಿಳಿ ಬಟ್ಟೆ ಒಣಗಿಯೇ ಇತ್ತು.