ಸರ್ವಿಸ್ ಅಂದರೆ ಸರ್ವಿಸೇ

ಬೆಂಗಳೂರಿನಿಂದ ಪುಸ್ತಕದ ಕಟ್ಟುಗಳು ಬಂದು ಇಳಿದಾಗ ಹರಿಪ್ರಸಾದ ಯಾರದೋ ಪಿಕಪ್ಪಿಗೆ ಫ್ಯಾನ್ ಬೆಲ್ಟ್ ಹುಡುಕುತ್ತಿದ್ದ. ಹುಡುಕುವುದನ್ನು ಅಲ್ಲಿಗೇ ಬಿಟ್ಟ. ಗಿರಾಕಿ ಬಾಯಿ ಬಿಟ್ಟುಕೊಂಡು ನಿಂತಿದ್ದಾನೆ, ಇವನು ಕೌಂಟರಿನ ಮೇಲೆ ಕಟ್ಟು ಇಟ್ಟುಕೊಂಡು ಹಗ್ಗ ಕೊಯ್ಯುತ್ತಿದ್ದಾನೆ. ಅಜ್ಜಾವರದಲ್ಲಿ ತೋಟ, ಸುಳ್ಯ ಪೇಟೆಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ, ತಲೆಯಲ್ಲಿ ಅರ್ಧ ನರೆ. ಇಷ್ಟಿದ್ದೂ ಮನುಷ್ಯ ಸಣ್ಣ ಮಕ್ಕಳ ಹಾಗೆ ಆಡುತ್ತಿದ್ದ ಅಂದರೆ ಏನು ಹೇಳುವುದು. ತನ್ನ ಹೆಸರು ಅಚ್ಚಾದ ಮೊದಲ ಪುಸ್ತಕ, ಆಡಲಿ ಬಿಡಿ.

ಅವನ ಹುಚ್ಚು ಊರಿಗೇ ಗೊತ್ತಿದ್ದದ್ದು. ಗಾಡಿಗಳ ಬಗ್ಗೆ ಎಲ್ಲಿ ಯಾವ ಪುಸ್ತಕ ಬಂದರೂ ತರಿಸಿಕೊಳ್ಳುತ್ತಿದ್ದ. ಅಂಗಡಿಯಲ್ಲಿ ಕ್ಲಚ್ ಪ್ಲೇಟಿನ ಡಬ್ಬಗಳಿಗೆ ಎಷ್ಟು ಜಾಗವೋ ಪುಸ್ತಕಗಳಿಗೂ ಅಷ್ಟೇ. ಹೊಳೆಯುವ ಕಾಗದದ ಮೇಲೆ ಕೆಂಪು ರೇಸ್ ಕಾರು, ಹಿಮದಲ್ಲಿ ನಿಂತ ಲಾರಿ, ಇಟಲಿಯ ಯಾವುದೋ ಇಂಜಿನನ್ನು ಸೀಳಿ ತೋರಿಸಿದ ಚಿತ್ರ. ನೋಡಿ ನೋಡಿ ಒಂದು ದಿನ ಅವನಿಗೆ ಸಿಟ್ಟೇ ಬಂತು. ಪ್ರಪಂಚದ ಗಾಡಿಗಳಿಗೆಲ್ಲ ಪುಸ್ತಕ ಉಂಟು, ನಮ್ಮ ಜೀಪಿಗೆ ಮಾತ್ರ ಇಲ್ಲ. ಬಸ್ಸು ಹೋಗದ ಊರಿಗೆಲ್ಲ ಹೋದದ್ದು ಯಾರು? ಪುತ್ತೂರಿನ ಶೆಡ್ಡಿನಲ್ಲಿ ಹಿಂದಿನ ಬಾಡಿ ಉದ್ದ ಮಾಡಿಸಿಕೊಂಡು, ಎದುರುಬದುರು ಎರಡು ಬೆಂಚು ಹಾಕಿಸಿಕೊಂಡು, ಒಳಗೆ ತುಂಬಿದ್ದು ಸಾಲದೆ ಹೊರಗೂ ಜನ ನೇತಾಡಿಸಿಕೊಂಡು ಗುಡ್ಡ ಹತ್ತಿದ್ದು ಯಾರು? ಹೀಗೆಲ್ಲ ಹೆಂಡತಿ ಕುಮುದಿನಿಯನ್ನು ಕೇಳಿದ.

"ನನ್ನನ್ನು ಯಾಕೆ ಕೇಳುದು? ಬೇಕಾದ್ರೆ ನೀವೇ ಬರೀರಿ," ಅಂದಳು ಅವಳು, ಮೀನು ಕೊಯ್ಯುತ್ತಾ. ತಮಾಷೆಗೆ ಅಂದದ್ದು. ಇವನು ಬರೆದೇಬಿಟ್ಟ.

ಬರೆಯಲು ಕೂತಾಗ ಮೊದಲು ನೆನಪಾದವರು ಆದಂ ಕುಂಞಿ. ಆಲೆಟ್ಟಿ ಲೈನಿನ ಸರ್ವಿಸ್ ಜೀಪಿನ ಆದಮಾಕ ಅಂದರೆ ಸುಳ್ಯದಲ್ಲಿ ಗೊತ್ತಿಲ್ಲದವರಿಲ್ಲ. ಸರ್ವಿಸ್ ಅಂದರೆ ಏನೆಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಜೀಪನ್ನು ಒಬ್ಬನೇ ಗೊತ್ತು ಮಾಡಿಕೊಂಡು ಹೋದರೆ ಅದು ಬಾಡಿಗೆ. ದಾರಿಯಲ್ಲಿ ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಂಡು ತಲೆಗಿಷ್ಟು ಅಂತ ತೆಗೆದುಕೊಂಡು ಹೋದರೆ ಅದು ಸರ್ವಿಸ್. ಹಾಗೆ ಮೂವತ್ತು ವರ್ಷ ಓಡಿಸಿದವರು ಅವರು. ಶುಕ್ರವಾರ ನಮಾಜು ಮುಗಿಸಿ ಬಂದವರೇ ಜೀಪಿನ ಅಡಿಗೆ ನುಗ್ಗಿ ಏನೇನು ಬಿಗಿಯಬೇಕೋ ಬಿಗಿದು, ಮತ್ತೆ ಲೈನಿಗೆ ಹಾಕುತ್ತಿದ್ದರು. "ನನ್ನ ಜೀಪು ಗ್ಯಾರೇಜಲ್ಲಿ ಮಲಗಿದ್ದನ್ನು ಕಂಡವರು ಉಂಟಾ?" ಅಂತ ಸ್ಟ್ಯಾಂಡಿನಲ್ಲಿ ಕೇಳುವುದು ಅವರಿಗೆ ಅಭ್ಯಾಸ. ಉಂಟು ಅಂದವರು ಯಾರೂ ಇರಲಿಲ್ಲ.

ಕಣ್ಣು ಮಂಜಾಗಿ ಕಳೆದ ವರ್ಷ ಸ್ಟೇರಿಂಗ್ ಬಿಟ್ಟ ಮೇಲೆ ಆ ಒಂದು ಮಾತೇ ಅವರ ಆಸ್ತಿ. ಅದು ಪುಸ್ತಕದಲ್ಲಿ ಬರುತ್ತದೆ ಅಂತ ಗೊತ್ತಾದ ಮೇಲಂತೂ ನೆಲದ ಮೇಲೆ ಕಾಲಿಲ್ಲ. ಭಾನುವಾರ ಜೀಪ್ ಸ್ಟ್ಯಾಂಡಿನಲ್ಲೇ ಬಿಡುಗಡೆ ಎಂದು ಮಾತಾಗಿತ್ತು. ಅವರು ಸಿಕ್ಕ ಸಿಕ್ಕವರನ್ನೆಲ್ಲ ಕರೆದಿದ್ದರು. ದುಬೈಯಲ್ಲಿರುವ ಅಳಿಯ ಸಫೀರನಿಗೂ ಫೋನು ಹೋಗಿತ್ತು.

ಹರಿಪ್ರಸಾದ ಪುಸ್ತಕವನ್ನು ಮೂಸಿ ನೋಡಿದ, ಮುಖಪುಟ ಸವರಿದ, ಆಮೇಲೆ ನೇರ ಆದಮಾಕನ ಅಧ್ಯಾಯ ಬಿಡಿಸಿದ. 'ಸರ್ವಿಸ್ ಜೀಪುಗಳ ಕಾಲ' ಎಂದು ಅವನು ಇಟ್ಟಿದ್ದ ಹೆಸರು. ಅಚ್ಚಿನಲ್ಲಿ 'ದುರಸ್ತಿ ಜೀಪುಗಳ ಕಾಲ' ಎಂದಿತ್ತು.

ಕನ್ನಡಕ ಒರೆಸಿ ಮತ್ತೆ ನೋಡಿದ. ದುರಸ್ತಿಯೇ. 'ಶಾಲೆಯ ಮಕ್ಕಳು ದಿನಾ ಬೆಳಿಗ್ಗೆ ದುರಸ್ತಿಯಲ್ಲೇ ಸುಳ್ಯಕ್ಕೆ ಬರುತ್ತಿದ್ದರು.' 'ಬಸುರಿಯರು ದುರಸ್ತಿಗಾಗಿ ಕಾಯುತ್ತಾ ರಸ್ತೆಬದಿ ಕೂರುತ್ತಿದ್ದರು.' ಕೊನೆಗೆ ಆದಮಾಕ ಜೀಪಿಗೆ ಒರಗಿ ನಿಂತ ಫೋಟೋದ ಅಡಿಯಲ್ಲಿ ದಪ್ಪ ಅಕ್ಷರದಲ್ಲಿ, 'ಇವರ ಜೀಪು ಮೂವತ್ತು ವರ್ಷ ಒಂದು ದಿನವೂ ಬಿಡದೆ ದುರಸ್ತಿಯಲ್ಲಿತ್ತು.'

"ಅಣ್ಣ, ಬೆಲ್ಟ್," ಅಂದ ಗಿರಾಕಿ.

"ಇಲ್ಲ," ಅಂದ ಹರಿಪ್ರಸಾದ. ಬೆಲ್ಟುಗಳು ಅವನ ತಲೆಯ ಮೇಲೆಯೇ ನೇತಾಡುತ್ತಿದ್ದವು.

ಪ್ರಕಾಶನದಲ್ಲಿ ಪುಸ್ತಕ ತಿದ್ದಿದವನು ಶೈಲೇಶ್ ಎಂಬವನು. ಫೋನು ಮಾಡಿದರೆ ಅವನದು ತಣ್ಣಗಿನ ಮಾತು. "ನಮ್ಮಲ್ಲೊಂದು ನಿಯಮ ಸರ್, ಕನ್ನಡ ಪದ ಇರೋ ಕಡೆ ಇಂಗ್ಲಿಷ್ ಪದ ಬಿಡೋದಿಲ್ಲ. ಆದ್ರೂ ನಿಮ್ಮನ್ನ ಕೇಳಿದ್ದೆ. ಸರ್ವಿಸ್ ಅಂದ್ರೆ ಗಾಡಿ ಸರ್ವಿಸೇ ಅಲ್ವಾ ಅಂತ. ನೀವು ಹೌದು ಅಂದ್ರಿ."

ಅಂದದ್ದು ನಿಜ. "ಹೌದು ಮಾರಾಯ್ರೆ, ಸರ್ವಿಸ್ ಅಂದ್ರೆ ಸರ್ವಿಸೇ, ಬೇರೆ ಎಂತ ಉಂಟು?" ಅಂತ ನಕ್ಕಿದ್ದ ಬೇರೆ. ದಿನಾ ಆಯಿಲ್, ಫಿಲ್ಟರ್ ಮಾರುವವನಿಗೆ ಇನ್ನೊಂದು ಅರ್ಥ ಗೊತ್ತಿಲ್ಲ ಅಂತಲ್ಲ. ಜೀಪಿನ ಮಾತು ಬಂದಾಗ ಸುಳ್ಯದವನಿಗೆ ಅದು ಹೊಳೆಯುವುದೇ ಇಲ್ಲ, ಏನು ಮಾಡುವುದು. ಮುಂದಿನ ಮುದ್ರಣದಲ್ಲಿ ಸರಿ ಮಾಡೋಣ ಸರ್, ಅಂದ ಶೈಲೇಶ್. ಈ ಮುದ್ರಣವನ್ನೇ ಯಾರು ಕೊಳ್ಳುತ್ತಾರೋ ದೇವರಿಗೇ ಗೊತ್ತು, ಮುಂದಿನದಂತೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಇಲ್ಲಿ ಒಂದು ಪದಕ್ಕೆ ಹೋಗುವುದು ಇನ್ನೊಬ್ಬರ ಮಾನ. ಸ್ಟ್ಯಾಂಡಿನ ಡ್ರೈವರುಗಳ ನಾಲಿಗೆ ಗೊತ್ತಿಲ್ಲವೇ? ಭಾನುವಾರ ಪುಸ್ತಕ ಕೈಗೆ ಸಿಕ್ಕಿದರೆ ಸಂಜೆಯೊಳಗೆ 'ದುರಸ್ತಿ ಆದಮಾಕ' ಎಂಬ ಹೆಸರು ಬಿದ್ದು, ಅವರು ಇರುವವರೆಗೂ ಅಂಟಿಕೊಳ್ಳುತ್ತದೆ. ಹರಿಪ್ರಸಾದ ಅಂಗಡಿ ಮುಚ್ಚಿ ಒಂದು ಪ್ರತಿ ಹಿಡಿದುಕೊಂಡು ಮನೆಗೆ ಬಂದ.

ಕುಮುದಿನಿ ಬಸುರಿಯರ ಸಾಲು ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಗಂಡನ ಮುಖ ನೋಡಿ ಪುಸ್ತಕ ಮುಚ್ಚಿಟ್ಟಳು.

"ಆದಮಾಕನಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ," ಅಂದ ಅವನು. "ಭಾನುವಾರ ನಾನೇ ಓದ್ತೇನೆ, ನಾನು ಬರೆದ ಹಾಗೆ. ಬುಕ್ಕು ಹಂಚುದು ಬೇಡ. ಆಮೇಲೆ ಮೆಲ್ಲ ಸರಿಯಾದ ಪುಟ ಅಚ್ಚು ಹಾಕಿಸಿ ಅಂಟಿಸುದು."

"ಎಷ್ಟು ದಿನ ಅಡಗಿಸಿ ಇಡುದು? ಯಾರಾದ್ರೂ ಓದಿ ಹೇಳ್ತಾರೆ. ಬೇರೆಯವರ ಬಾಯಿಂದ ಗೊತ್ತಾದ್ರೆ ಮತ್ತೆ ನಿಮ್ಮ ಮುಖ ನೋಡ್ತಾರಾ ಅವರು? ಈಗಲೇ ಹೋಗಿ ಹೇಳಿ."

"ಬಿಡುಗಡೆಯೇ ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ. ಬುಕ್ಕು ಅಲ್ಲಿ ಬಿದ್ದಿರ್ತದೆ. ಮನುಷ್ಯ ಮತ್ತೆ ಸಿಗ್ತಾರಾ?"

ಆಲೆಟ್ಟಿಗೆ ಹೋಗುವ ದಾರಿಯುದ್ದಕ್ಕೂ ಹರಿಪ್ರಸಾದ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ. ಅಂಗಳಕ್ಕೆ ಕಾಲಿಟ್ಟಾಗ ಎಲ್ಲ ಮರೆತುಹೋಯಿತು. ಜೀಪು ಶೀಟಿನ ಮಾಡಿನ ಕೆಳಗೆ ತೊಳೆದು ನಿಲ್ಲಿಸಿದ ಹಾಗೆ ನಿಂತಿತ್ತು. ಆದಮಾಕ ಜಗಲಿಯಲ್ಲಿದ್ದರು, ಇವನ ಕಂಕುಳಲ್ಲಿದ್ದ ಪುಸ್ತಕವೇ ಅವರಿಗೆ ಮೊದಲು ಕಂಡಿತು.

"ಬನ್ನಿ ಗೌಡ್ರೆ, ಬನ್ನಿ. ನೆಬೀಸಾ, ಚಾ ಇಡು. ಬುಕ್ಕು ಬಂತು," ಅಂತ ಒಳಗಿದ್ದ ಹೆಂಡತಿಗೂ ಕೂಗಿ ಹೇಳಿ, ಪುಸ್ತಕ ತೆಗೆದುಕೊಂಡು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದರು. ಮುಖಪುಟದ ಜೀಪಿನ ಮೇಲೆ ಹೆಬ್ಬೆರಳು ಆಡಿಸಿದರು. "ಬಂಪರಿನ ಗೀರು ಕೂಡ ಬಿದ್ದಿದೆ ಮಾರಾಯ್ರೆ. ಝುಲೈಖಾ, ಇಲ್ಲಿ ಬಾ. ನಂದು ಎಲ್ಲುಂಟು ನೋಡಿ ಓದು. ಜೋರಾಗಿ ಓದು, ಒಳಗೆ ನಿನ್ನ ಉಮ್ಮನಿಗೂ ಕೇಳ್ಬೇಕು."

"ಆದಮಾಕ, ಅದಕ್ಕೆ ಮೊದಲು ಒಂದು ಮಾತು ಹೇಳ್ಲಿಕ್ಕುಂಟು."

"ಮಾತು ಮತ್ತೆ ಆಯ್ತು. ಮೊದಲು ಓದಲಿ."

ಮಗಳು ಝುಲೈಖಾ ಒದ್ದೆ ಕೈ ಒರೆಸಿಕೊಂಡು ಬಂದು ಪುಟ ಹುಡುಕಿದಳು. ಅಧ್ಯಾಯದ ಹೆಸರು ಓದುವಾಗಲೇ ಒಂದು ಕ್ಷಣ ತಡೆದು ಹರಿಪ್ರಸಾದನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಶಾಲೆಯ ಮಕ್ಕಳ ಸಾಲು ಬಂತು, ಬಸುರಿಯರ ಸಾಲು ಬಂತು. ಅವಳ ಧ್ವನಿ ಸಣ್ಣದಾಗುತ್ತಾ ಹೋಗಿ ಫೋಟೋದ ಪುಟದಲ್ಲಿ ನಿಂತಿತು.

"ನಿಲ್ಲಿಸಿದ್ದು ಯಾಕೆ? ಫೋಟೋದ ಅಡಿಯಲ್ಲಿ ಎಂತ ಉಂಟು?"

ಅವಳು ಓದಿದಳು.

"ದುರಸ್ತಿ ಅಂದ್ರೆ ರಿಪೇರಿ ಅಲ್ವಾ?" ಅಂದರು ಆದಮಾಕ.

"ಹೌದು ಬಾಪ."

ಹರಿಪ್ರಸಾದ ಎಲ್ಲ ಹೇಳಿದ. ಶೈಲೇಶ್ ಕೇಳಿದ್ದು, ತಾನು ನಕ್ಕಿದ್ದು, ಹೌದು ಅಂದದ್ದು. ತಪ್ಪು ನನ್ನದೇ ಅಂದ. ಆದಮಾಕ ಅಡ್ಡ ಮಾತಾಡದೆ ಕೇಳಿದರು. ಎರಡು ಬೈದಿದ್ದರೆ ಇವನಿಗೆ ಉಸಿರಾಡಲು ಸುಲಭವಾಗುತ್ತಿತ್ತು.

"ಜ್ವರ ಬಂದಾಗಲೂ ಓಡಿಸಿದ್ದೇನೆ ಗೌಡ್ರೆ," ಅಂದರು ಕೊನೆಗೆ. "ನಾನು ಹೋಗದಿದ್ರೆ ಮಕ್ಕಳಿಗೆ ಪರೀಕ್ಷೆ ತಪ್ತದೆ ಅಂತ. ಮಳೆಗೆ ರಸ್ತೆ ಹೋದಾಗ ಗುದ್ದಲಿ ಹಿಡ್ಕೊಂಡು ಮಣ್ಣು ಹಾಕಿ ದಾಟಿಸಿದ್ದೇನೆ. ಈಗ ಬುಕ್ಕಲ್ಲಿ ನೋಡಿದ್ರೆ ಮೂವತ್ತು ವರ್ಷ ರಿಪೇರಿ."

"ನೀವು ಹೇಳಿದ ಹಾಗೆ ಮಾಡ್ತೇನೆ ಆದಮಾಕ. ಬೇಡ ಅಂದ್ರೆ ಕಟ್ಟು ಹಾಗೇ ವಾಪಸು ಕಳಿಸ್ತೇನೆ, ಭಾನುವಾರ ಏನೂ ಇಲ್ಲ. ಆಗಬಹುದು ಅಂದ್ರೆ ಈ ಪುಟಗಳನ್ನು ಸರಿಯಾಗಿ ಅಚ್ಚು ಹಾಕಿಸಿ ಪ್ರತಿಯೊಂದು ಬುಕ್ಕಿಗೂ ನಾನೇ ಕೂತು ಅಂಟಿಸ್ತೇನೆ."

ಆದಮಾಕ ಉತ್ತರ ಕೊಡುವ ಮೊದಲು ಬಾಗಿಲಿನಿಂದ ನಗು ಕೇಳಿತು. ನೆಬೀಸ ಚಾದ ತಟ್ಟೆ ಹಿಡಿದು ನಿಂತಿದ್ದರು. ತಲೆಯ ವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲುತ್ತಿರಲಿಲ್ಲ, ತಟ್ಟೆಯಲ್ಲಿ ಗ್ಲಾಸುಗಳು ಕಿಣಿಕಿಣಿ ಎನ್ನುತ್ತಿದ್ದವು.

"ನಿನಗೆ ಎಂತ ನಗು ಬರ್ತದೆ?" ಅಂದರು ಆದಮಾಕ.

"ಹಾಗೆ ಆಗಿದ್ರೆ ಒಳ್ಳೆದಿತ್ತು ಅಂತ."

"ಎಂತ ಒಳ್ಳೆದು?"

"ಜೀಪು ರಿಪೇರಿಯಲ್ಲಿ ಇದ್ದಿದ್ರೆ ನೀವು ಮನೆಯಲ್ಲಿ ಇರ್ತಿದ್ರಿ."

ನೆಬೀಸ ತಟ್ಟೆ ಕೆಳಗಿಟ್ಟು ಹರಿಪ್ರಸಾದನಿಗೆ ಗ್ಲಾಸು ಕೊಟ್ಟರು. ಮಾತಿನಲ್ಲಿ ದೂರು ಇರಲಿಲ್ಲ, ನೆರೆಮನೆಯ ಸುದ್ದಿ ಹೇಳುವ ಹಾಗೆ ಹೇಳಿದರು. "ಇವಳು ಹುಟ್ಟಿದ ದಿನ ಇವರು ಯಾರದೋ ಮನೆಯ ಬಸುರಿಯನ್ನು ಸುಳ್ಯದ ಆಸ್ಪತ್ರೆಗೆ ಕೊಂಡೋಗಿದ್ರು ಗೌಡ್ರೆ. ನಾನು ಇಲ್ಲೇ ಹೆತ್ತೆ, ನೆರೆಯವರು ಬಂದ್ರು. ಕತ್ತಲಾಗುವಾಗ ಬಂದು ಕೇಳಿದ್ದು ಎಂತ ಗೊತ್ತುಂಟಾ? ಡೀಸೆಲಿನ ಕ್ಯಾನು ಎಲ್ಲಿ ಅಂತ. ನಾಳೆಯ ಟ್ರಿಪ್ಪಿಗೆ ಬೇಕಿತ್ತಲ್ಲ."

ಝುಲೈಖಾಳಿಗೂ ನಗು ಬಂತು. ಆದಮಾಕ ಮಾತ್ರ ನಗಲಿಲ್ಲ.

"ಜನ ಈಗಲೂ ಕೈ ಹಿಡಿದು ಹೇಳ್ತಾರೆ ನನಗೆ, ನಿನ್ನ ಗಂಡ ಇದ್ದದ್ದಕ್ಕೆ ನಾವು ಬದುಕಿದ್ದು ಅಂತ. ಹೌದು, ಪುಣ್ಯದ ಕೆಲಸ, ನಾನು ಬೇಡ ಅಂತ ಒಂದು ದಿನ ಹೇಳ್ಲಿಲ್ಲ." ನೆಬೀಸ ಅಂಗಳದ ಜೀಪಿನ ಕಡೆ ನೋಡಿದರು. "ಆದ್ರೆ ಒಂದು ದಿನ, ಒಂದೇ ಒಂದು ದಿನ ಇದು ಕೆಟ್ಟು ನಿಲ್ಲಲಿ ಅಲ್ಲಾಹನೇ ಅಂತ ಎಷ್ಟು ಸಲ ದುಆ ಮಾಡಿದ್ದೇನೋ. ಒಳ್ಳೆ ಜೀಪು. ಕೆಡಲೇ ಇಲ್ಲ."

ಹರಿಪ್ರಸಾದ ಚಾದ ಗ್ಲಾಸು ಕೆಳಗಿಟ್ಟ. ಪುಸ್ತಕಕ್ಕಾಗಿ ಈ ಜಗಲಿಯಲ್ಲಿ ಅವನು ಎಷ್ಟು ಸಂಜೆ ಕೂತಿದ್ದ, ಈಕೆ ಕೊಟ್ಟ ಚಾ ಎಷ್ಟು ಕುಡಿದಿದ್ದ. ಗೇರ್ ಬಾಕ್ಸ್ ಕೇಳಿದ್ದ, ಹಿಂದಿನ ಬಾಡಿ ಎಷ್ಟು ಉದ್ದ ಕೇಳಿದ್ದ, ಯಾವ ಏರಿಗೆ ಯಾವ ಗೇರು ಎಂದು ಕೇಳಿದ್ದ. ಈಕೆಯನ್ನು ಒಂದು ಮಾತು ಕೇಳಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

"ನೀನು ನನ್ನ ಹತ್ರ ಹೇಳಿದ್ದಿಲ್ಲ," ಅಂದರು ಆದಮಾಕ.

"ಯಾವಾಗ ಹೇಳುದು? ನಿಮಗೆ ಹೊತ್ತಾಗಿರ್ತಿತ್ತು."

ಆದಮಾಕ ಪುಸ್ತಕವನ್ನು ಮಗಳ ಕೈಯಿಂದ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ಫೋಟೋ ಇದ್ದ ಪುಟ ತೆರೆದೇ ಇತ್ತು. ಅಡಿಯ ದಪ್ಪ ಅಕ್ಷರಗಳ ಮೇಲೆ ಬೆರಳು ಆಡಿಸಿದರು. ಬೇಡ ಅನ್ನುತ್ತಾರೆ ಅಂತ ಹರಿಪ್ರಸಾದ ಮನಸ್ಸು ಗಟ್ಟಿ ಮಾಡಿಕೊಂಡ.

"ಆ ಪುಟ ಅಚ್ಚಾಗಿ ಭಾನುವಾರದ ಒಳಗೆ ಸಿಗ್ತದಾ?"

"ಸಿಗ್ತದೆ. ಇಲ್ಲೇ ಪೇಟೆಯ ಪ್ರೆಸ್ಸಲ್ಲಿ ಹಾಕಿಸ್ತೇನೆ."

"ಹಾಗಾದ್ರೆ ಅಂಟಿಸಿ. ಸರ್ವಿಸ್ ಅಂತಲೇ ಹಾಕಿ. ಸ್ಟ್ಯಾಂಡಿನವರದ್ದಕ್ಕೆ, ಸಫೀರನದ್ದಕ್ಕೆ, ಎಲ್ಲರದ್ದಕ್ಕೂ ಅಂಟಿಸಿ." ಅವರು ತೊಡೆಯ ಮೇಲಿನ ಪುಸ್ತಕ ಮುಚ್ಚಿ ಹೆಂಡತಿಯ ಕಡೆ ಚಾಚಿದರು. "ಇದಕ್ಕೆ ಮಾತ್ರ ಬೇಡ."

"ಅದು ಯಾಕೆ ಬಾಪ? ಅದರಲ್ಲಿ ತಪ್ಪು ಉಂಟಲ್ಲ," ಅಂದಳು ಝುಲೈಖಾ.

"ಇರಲಿ. ಉಮ್ಮನ ಬುಕ್ಕಲ್ಲಾದ್ರೂ ನಾನು ಮನೆಯಲ್ಲಿ ಇರ್ತೇನೆ."

ನೆಬೀಸ ಕೈ ಚಾಚಿ ಪುಸ್ತಕ ತೆಗೆದುಕೊಂಡರು. ಈಗ ಅವರು ನಗುತ್ತಿರಲಿಲ್ಲ.